ಕಾಕಾನ ಶಟ್‌ಡೌನ್ ಕೆಲಸಗಳು

ಜೀವನದಲ್ಲಿ ಒಮ್ಮೆಯಾದರೂ ಮಾಡಲೇಬೇಕಾದ ಕೆಲಸಗಳು ಎಂದು ಜನ ಪಟ್ಟಿ ಹಾಕಿಕೊಳ್ಳುತ್ತಾರಲ್ಲ, ಅದರಲ್ಲಿ ಹಿಮಾಲಯವಿರುತ್ತದೆ, ವಿಮಾನವಿರುತ್ತದೆ, ಏನೂ ಇಲ್ಲದಿದ್ದರೆ ಕಾಶಿಯಾದರೂ ಇರುತ್ತದೆ. ನಮ್ಮ ಕಾಕಾನ ಪಟ್ಟಿಯಲ್ಲಿ ಉಪ್ಪಿನಕಾಯಿ ಇತ್ತು! ಇಷ್ಟು ಕೇಳಿದ ಮೇಲೂ ಅವರ ಮೇಲೆ ನಿಮಗೆ ಸಂಶಯ ಬರಲಿಲ್ಲವೆಂದರೆ ನೀವು ಬಹಳ ಒಳ್ಳೆಯವರು. ನಾನು ಅಷ್ಟು ಒಳ್ಳೆಯವಳಲ್ಲ.

ಅದರಲ್ಲಿ ನನ್ನ ತಪ್ಪೂ ಇಲ್ಲ. ಆಗ ನಾನು ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೆ. ಇನ್ನೊಬ್ಬರು ‘ಸರಿಯಾಗಿದೆ’ ಎಂದದ್ದನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಮೇಲಾಗಿ ಡೈರಿ ಬರೆಯುವ ಚಟ. ಈಗ ಇದನ್ನು ಬರೆಯಲೆಂದು ಆ ಡೈರಿ ತೆರೆದರೆ ಒಂದೇ ಪ್ರಸಂಗ ಎರಡು ಪುಟಗಳಲ್ಲಿ ಎರಡು ಬಗೆಯಾಗಿದೆ. ಎರಡೂ ನನ್ನದೇ ಅಕ್ಷರ! ಆದ್ದರಿಂದ ಓದುವವರು ಕಾಕಾನ ಜೊತೆಗೆ ನನ್ನ ಮೇಲೂ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಧಾರವಾಡ ಬಿಟ್ಟು ಮೊದಲ ಕೆಲವು ವರ್ಷ ವಿಶಾಖಪಟ್ಟಣದ ಬಂದರಿನ ಬಳಿ ಒಂದು ವರ್ಕ್‌ಶಾಪಿನಲ್ಲಿದ್ದರು. ಆಮೇಲೆ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಕೇಂದ್ರ ಸೇರಿ ಅಲ್ಲಿಯೇ ಎಂಜಿನಿಯರಾಗಿ ನಿವೃತ್ತರಾದರು. ಅವರು ಬರುತ್ತಾರೆಂದು ಅಪ್ಪ ಧಾರವಾಡದ ಮನೆಯ ಮೇಲೊಂದು ಮಹಡಿ ಕಟ್ಟಿಸಿ, ಬಂದ ಬಾಡಿಗೆದಾರರನ್ನೆಲ್ಲ ಹಿಂದಕ್ಕೆ ಕಳಿಸುತ್ತ ಕುಳಿತಿದ್ದರು. ಕಾಕು, ಅಂದರೆ ಕಾಕಾನ ಹೆಂಡತಿ, ಪಾತ್ರೆಗಳನ್ನೆಲ್ಲ ರಟ್ಟಿನ ಡಬ್ಬಿಗಳಲ್ಲಿ ತುಂಬಿ ಹಗ್ಗ ಬಿಗಿದಿದ್ದರು. ಕಾಕಾ ಮಾತ್ರ ಕ್ವಾರ್ಟರ್ಸ್ ಖಾಲಿ ಮಾಡಿ, ಕಾಲೋನಿಯ ಗೇಟಿನಾಚೆಗೇ ಒಂದು ಬಾಡಿಗೆ ಮನೆ ಹಿಡಿದರು. ‘ಎರಡು ತಿಂಗಳ ಮಟ್ಟಿಗೆ’ ಎಂದರು. ವರ್ಷವಾಗುತ್ತ ಬಂತು!

“ಕೆಲವೊಂದು ಶಟ್‌ಡೌನ್ ಕೆಲಸ ಉಳದಾವಣ್ಣ,” ಎಂದರಂತೆ ಫೋನಿನಲ್ಲಿ.

ಇದನ್ನು ಸ್ವಲ್ಪ ವಿವರಿಸಬೇಕು. ವಿದ್ಯುತ್ ಕೇಂದ್ರದಲ್ಲಿ ಯಂತ್ರ ಓಡುತ್ತಿರುವಾಗ ಕೆಲವು ರಿಪೇರಿಗಳನ್ನು ಮಾಡುವಂತಿಲ್ಲ. ಅಲ್ಲಿ ಸೋರುತ್ತಿದೆ ಎಂದರೂ, ಇಲ್ಲಿ ಅಲುಗುತ್ತಿದೆ ಎಂದರೂ ‘ಶಟ್‌ಡೌನಿನಾಗ ನೋಡೋಣು’ ಎನ್ನುತ್ತಾರೆ. ಯಂತ್ರ ನಿಲ್ಲಿಸುವ ಆ ಕೆಲವು ದಿನಗಳಲ್ಲಿ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪರ್ಮಿಟ್ಟು, ಅಂದರೆ ಅನುಮತಿ ಚೀಟಿ, ಪಡೆದು ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತಾರೆ. ಕಾಕಾ ತಮ್ಮ ಆಸೆಗಳಿಗೂ ಸರ್ವೀಸಿನ ಉದ್ದಕ್ಕೂ ಇದೇ ಉತ್ತರ ಕೊಟ್ಟಿದ್ದರಂತೆ. ಈಗ ಯಂತ್ರ ನಿಂತಿದೆ, ಕೆಲಸಗಳು ಸಾಲಾಗಿ ಬಂದಿವೆ. ಪಟ್ಟಿಯನ್ನು ಎಲ್ಲಿಯೂ ಬರೆದಿರಲಿಲ್ಲ, ಎಲ್ಲ ತಲೆಯಲ್ಲಿ. ಜೊತೆಗೊಂದು ಕಡ್ಡಾಯ ನಿಯಮ: ಕೆಲಸ ಮಾಡಿದವನೇ ‘ಮುಗಿಯಿತು’ ಎನ್ನುವಂತಿಲ್ಲ. ಇನ್ನೊಬ್ಬರು ಬಂದು ಕಣ್ಣಾರೆ ನೋಡಿ ಪಾಸ್ ಮಾಡಬೇಕು.

ಆ ಇನ್ನೊಬ್ಬಳು ನಾನು! ಅದೇ ವಾರ ಅಪ್ಪ ನನಗೆ ಎರಡನೆಯ ಹುದ್ದೆಯನ್ನೂ ಕೊಟ್ಟರು.

“ಅಂವಾ ಏನರ ಜಡ್ಡು ಮುಚ್ಚಿಟ್ಟಾನೇನು ನೋಡವಾ. ಆರಾಮಿದ್ದಾಂವ ಯಾರೂ ಹಿಂಗ ಪಟ್ಟಿ ಹಿಡದು ಓಡ್ಯಾಡಂಗಿಲ್ಲ.”

ಅಮ್ಮ ಫೋನ್ ಕಸಿದುಕೊಂಡರು. “ಜಡ್ಡು ಇಲ್ಲ ಗಿಡ್ಡು ಇಲ್ಲ. ಅಲ್ಲೆ ಬ್ಯಾರೆ ಯಾರರೆ ಅದಾರೇನು, ಅದನ್ನ ನೋಡು!”

ಕಾಕಾನ ಹೊಟ್ಟೆ, ಬೋಳು ತಲೆ, ಎಲ್ಲಿಗೆ ಹೋದರೂ ಬಿಡದ ಆ ಗ್ರೀಸಿನ ವಾಸನೆ ಇವನ್ನೆಲ್ಲ ಬಲ್ಲ ನನಗೆ ಅಮ್ಮನ ಕಲ್ಪನಾಶಕ್ತಿಯ ಬಗ್ಗೆ ಗೌರವ ಹುಟ್ಟಿತು. ಆದರೂ ಗುಮಾನಿ ಗುಮಾನಿಯೇ.

ಮೊದಲ ಕೆಲಸ ದುರ್ಗವ್ವನ ಗುಡಿಯಿರುವ ಇಂದ್ರಕೀಲಾದ್ರಿ ಗುಡ್ಡವನ್ನು ಮೆಟ್ಟಿಲುಗಳ ದಾರಿಯಲ್ಲಿ ಹತ್ತುವುದು. ಅಷ್ಟು ವರ್ಷ ಆಫೀಸಿನ ಜೀಪಿನಲ್ಲೇ ಘಾಟ್ ರಸ್ತೆ ಹಿಡಿದು ಮೇಲೆ ಹೋಗಿದ್ದರಂತೆ. ಒಂದು ಭಾನುವಾರ ನಾನು ವಿಜಯವಾಡಕ್ಕೆ ಬಂದು ಕಾಕುವಿನ ಜೊತೆ ಅವರ ಹಿಂದೆ ಹಿಂದೆ ಹತ್ತಿದೆ. ಉಸಿರು ಹೇಗಿದೆ, ಎದೆ ಹಿಡಿದುಕೊಳ್ಳುತ್ತಾರೆಯೇ ಎಂದು ನೋಡುವುದು ನನ್ನ ಗುಪ್ತ ಕೆಲಸ. ಅವರು ಹಿಡಿದುಕೊಂಡದ್ದು ಸೋಡಾ ಬಾಟಲಿಯನ್ನು ಮಾತ್ರ, ಅದೂ ದಾರಿಯ ಪ್ರತಿ ಅಂಗಡಿಯಲ್ಲಿ! ಮೇಲೆ ಮುಟ್ಟಿದವರೇ ಗೋಪುರದ ಕಡೆ ಒಮ್ಮೆ ಕೈ ಮುಗಿದು, ಗಿರಕ್ಕನೆ ತಿರುಗಿ ಇಳಿಯತೊಡಗಿದರು.

“ಏನ್ರಿ ಇದು? ದೇವರ ದರ್ಶನಾ?” ಎಂದು ಕಾಕು ಕೂಗಿದರು.

“ಈ ಕೆಲಸಾ ಹತ್ತೂದಷ್ಟ. ದರ್ಶನಕ್ಕ ಬ್ಯಾರೆ ಪರ್ಮಿಟ್ಟು.”

“ಪರ್ಮಿಟ್ಟ ಹಚ್ರಿ ಅಕಿ ಮುಂದ! ದುರ್ಗವ್ವ ಅಕಿ, ನಿಮ್ಮ ಬಾಯ್ಲರ್ ಅಲ್ಲ!”

ಕಾಕು ಅವರ ತೋಳು ಹಿಡಿದು ಸಾಲಿನಲ್ಲಿ ನಿಲ್ಲಿಸಿದರು. ನಾನು ಪಾಸ್ ಮಾಡಿದೆ.

ಎರಡನೆಯದು ಇನ್ನೂ ವಿಚಿತ್ರ. ಬಂದರಿನೊಳಗೆ ಬರುವ ಹಡಗಿಗೆ ದಡದಿಂದ ಕೈ ಬೀಸಬೇಕು, ಹಡಗಿನವರು ತಿರುಗಿ ಬೀಸಬೇಕು. ಹುಡುಗನಾಗಿ ಬಂದರಿನಲ್ಲಿದ್ದಾಗ ದಿನವೂ ಹಡಗು ನೋಡಿದ್ದರೂ ಎರಡೂ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದೇ ಇರುತ್ತಿದ್ದರಂತೆ! ಕಾಕಾ, ಕಾಕು ಇಬ್ಬರೂ ವಿಶಾಖಪಟ್ಟಣದ ನನ್ನ ಕೋಣೆಗೆ ಬಂದಿಳಿದರು. ಸಮುದ್ರದಿಂದ ಬಂದರಿಗೆ ಹಡಗುಗಳು ತಿರುಗುವ ಕಡೆ ಹೋಗಿ ನಿಂತೆವು. ಒಂದು ಭಾರೀ ಹಡಗು ನಿಧಾನಕ್ಕೆ ಬಂತು. ಕಾಕಾ ಟವೆಲ್ ತೆಗೆದು ಬೀಸಿದ್ದೇ ಬೀಸಿದ್ದು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು, ಯಾರೋ ಮುಳುಗುತ್ತಿದ್ದಾರೆಂದು ನೀರಿನ ಕಡೆ ಓಡಿದಳು! ಹಡಗಿನ ಮೇಲೆ ಇರುವೆಯಷ್ಟು ಕಾಣುತ್ತಿದ್ದ ಒಬ್ಬ ಮನುಷ್ಯ ಕೈ ಎತ್ತಿದ.

“ನೋಡಿದ್ಯಾ? ಪಾಸ್!” ಎಂದರು ಕಾಕಾ.

“ಅಂವಾ ಬೆವರು ಒರಸಿಕೊಂಡ ಕಾಕಾ.”

“ಬೆವರು ಒರಸ್ಲಿಕ್ಕೆ ಅಂಗೈ ಹೊರಗ ಮಾಡ್ತಾರೇನು?”

“ಅಂಗೈ ಇಷ್ಟು ದೂರದಿಂದ ಕಾಣಂಗಿಲ್ಲ. ರಿಜೆಕ್ಟ್.”

ಇಲ್ಲಿಯೇ ನನಗೆ ಮೊದಲ ಸುಳಿವು ಸಿಕ್ಕಿದ್ದು. ರಿಜೆಕ್ಟ್ ಎಂದರೆ ಯಾರಿಗಾದರೂ ಮುಖ ಸಣ್ಣದಾಗುತ್ತದೆ, ವಾದಿಸುತ್ತಾರೆ, ನಮ್ಮ ಕಾರ್ಖಾನೆಯಲ್ಲಾದರೆ ಮೇಲಿನವರಿಗೆ ದೂರು ಹೋಗುತ್ತದೆ. ಕಾಕಾನ ಮುಖ ಅರಳಿತು! “ಹಂಗಾದ್ರ ಮತ್ತ ಬರಬೇಕಾತು,” ಎಂದು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ರಿಜೆಕ್ಟಾದದ್ದಕ್ಕೆ ಸಂತೋಷಪಡುವ ಎಂಜಿನಿಯರನ್ನು ನೀವು ಕಂಡಿದ್ದೀರಾ? ನಾನು ಅಂದು ಡೈರಿಯಲ್ಲಿ ಬರೆದೆ: ‘ಇದರಲ್ಲಿ ಏನೋ ಇದೆ.’ ಮುಂದಿನ ಸಲ ಹಡಗಿನವರು ಕೈ ಬೀಸಿದ್ದಲ್ಲದೆ ಭೋಂ ಎಂದು ಸಿಳ್ಳೆಯನ್ನೂ ಹಾಕಿದರು. ಅದು ನಮಗೇ ಹಾಕಿದ್ದೆಂದು ಡೈರಿ ಹೇಳುತ್ತದೆ, ನಾನು ಹೇಳುವುದಿಲ್ಲ.

ಮೂರನೆಯದೇ ಉಪ್ಪಿನಕಾಯಿ. ಯಾರ ಸಹಾಯವೂ ಇಲ್ಲದೆ ಒಂದು ಜಾಡಿ ಆವಕಾಯ ಹಾಕಬೇಕು. ಇದನ್ನು ನೋಡಲು ನಾನು ಸಾಲದೆಂದು ಪಕ್ಕದ ಮನೆಯ ರಮಣಮ್ಮಗಾರು ಇನ್‌ಸ್ಪೆಕ್ಟರಾಗಿ ಬಂದರು. ಈಕೆ ಕಾಕುವಿನ ಹಳೆಯ ಗೆಳತಿ. ಕಾಲೋನಿಯಲ್ಲಿ ಗೋಡೆಗೆ ಗೋಡೆ ಹಚ್ಚಿದ ಕ್ವಾರ್ಟರ್ಸಿನಲ್ಲಿದ್ದವರು, ಇವರಂತೆಯೇ ನಿವೃತ್ತಿಯ ಮೇಲೆ ಹೊರಬಂದು ಈಗಲೂ ಪಕ್ಕದಲ್ಲೇ ಇದ್ದರು. ಕಾಕುವನ್ನು ವದಿನಾ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಅವರು ಜಾಡಿಯೊಳಗೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು.

“ಉಪ್ಪು ಎಕ್ಕುವ ಅಯಿಂದಂಡಿ ಅನ್ನಯ್ಯಗಾರೂ,” ಎಂದರು. ಉಪ್ಪು ಜಾಸ್ತಿಯಾಗಿದೆ, ಅಣ್ಣಯ್ಯನವರೇ. ಎಷ್ಟು ಮರ್ಯಾದೆಯ ರಿಜೆಕ್ಷನ್ನು!

ಕಾಕಾ ಖುಷಿಯಿಂದ ತಲೆದೂಗಿದರು. “ಸರಿ, ಮುಂದಿನ ಬ್ಯಾಸಗೀಗೆ ಮತ್ತ ಹಾಕೋಣು. ಈಗ ಮಾವಿನಕಾಯಿ ಸೀಜನ್ ಮುಗೀತಲ್ಲ.”

ಮುಂದಿನ ಬೇಸಿಗೆ! ಇದನ್ನು ಕೇಳಿ ಧಾರವಾಡದಲ್ಲಿ ಅಪ್ಪ ಫೋನು ಇಟ್ಟ ಸದ್ದು ನನಗೆ ವಿಶಾಖಪಟ್ಟಣದವರೆಗೆ ಕೇಳಿಸಿತು.

ನಾನು ಕುಳಿತು ಯೋಚಿಸಿದೆ. ಜೀವನದ ಆಸೆಗಳೆಲ್ಲ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವಿನ ರೈಲುಹಳಿಯ ಮೇಲೇ ಬಿದ್ದಿರಲು ಹೇಗೆ ಸಾಧ್ಯ? ಒಂದಾದರೂ ಆಸೆ ಧಾರವಾಡದ ಕಡೆ ಯಾಕೆ ಮುಖ ಮಾಡಿಲ್ಲ? ಕಾಯಿಲೆಯ ಗುರುತಿಲ್ಲ, ಸೋಡಾ ಸಲೀಸಾಗಿ ಇಳಿಯುತ್ತದೆ. ಬೇರೆ ಯಾರೋ ಇದ್ದಾರೆನ್ನಲು, ಎಲ್ಲಿಗೆ ಹೋದರೂ ಕಾಕುವನ್ನು ಕಟ್ಟಿಕೊಂಡೇ ಹೋಗುತ್ತಾರೆ. ಉಳಿದದ್ದು ಒಂದೇ: ಈ ಮನುಷ್ಯನಿಗೆ ಊರಿಗೆ ಹೋಗಲು ಮನಸ್ಸಿಲ್ಲ, ಪಟ್ಟಿ ಬರೀ ನೆಪ. ಪಾಪ, ಕಾಕುವನ್ನು ಡಬ್ಬಿಗಳ ನಡುವೆ ಕೂರಿಸಿ ಆಟವಾಡಿಸುತ್ತಿದ್ದಾರೆ!

ಕಾಕುವಿನ ಸಹನೆಯೂ ಮುಗಿದಿತ್ತು. “ಇನ್ನ ಒಂದ ಕೆಲಸಾ. ಅದು ಪಾಸಾದ ಮರುದಿನ ಧಾರವಾಡದ ಟಿಕೀಟು,” ಎಂದು ಅಪ್ಪ ಫೋನಿನಲ್ಲಿರುವಾಗಲೇ ಹೇಳಿದರು. ಕಾಕಾ ‘ಆತು’ ಎಂದರು.

ಕೊನೆಯ ಕೆಲಸ ಇದು: ಸೂರ್ಯ ವಿಶಾಖಪಟ್ಟಣದ ಸಮುದ್ರದಲ್ಲಿ ಹುಟ್ಟುವುದನ್ನೂ, ಅದೇ ದಿನ ವಿಜಯವಾಡದ ಕೃಷ್ಣೆಯಲ್ಲಿ ಮುಳುಗುವುದನ್ನೂ ನೋಡಬೇಕು. ರಮಣಮ್ಮಗಾರೂ ಹೊರಟರು. ಹಿಂದಿನ ದಿನವೇ ಎಲ್ಲರೂ ನನ್ನ ಕೋಣೆಗೆ ಬಂದಿದ್ದರು. ಬೆಳಿಗ್ಗೆ ಬೀಚಿನಲ್ಲಿ ಸೂರ್ಯ ಸಮಯಕ್ಕೆ ಸರಿಯಾಗಿ ಹುಟ್ಟಿದ, ನಾನು ಪಾಸ್ ಮಾಡಿದೆ. ಅಲ್ಲಿಂದ ಓಡಿ ರೈಲು ಹಿಡಿದೆವು. ಸಂಜೆ ಕೃಷ್ಣೆಯ ಬ್ಯಾರೇಜಿನ ಮೇಲೆ ನಾಲ್ವರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತೆವು. ಕಾಕಾ ಮಾತ್ರ ಬೆಳಗಿನಿಂದ ಮಂಕಾಗಿದ್ದರು. ರೈಲಿನಲ್ಲಿ ಜಾಗ ಸಿಕ್ಕರೂ ಕೂತಿರಲಿಲ್ಲ, ಬಾಗಿಲ ಬಳಿಯೇ ನಿಂತು ಬಂದಿದ್ದರು.

ಕಾಕು ಸುಟ್ಟ ಮೆಕ್ಕೆಜೋಳದ ತೆನೆ ಹಿಡಿದು, ಕಾಕಾ ಗುಡ್ಡ ಇಳಿದ ಪ್ರಸಂಗವನ್ನು ರಮಣಮ್ಮಗಾರಿಗೆ ಅಭಿನಯಿಸಿ ತೋರಿಸುತ್ತಿದ್ದರು. “ದರ್ಶನಾನಿಕಿ ವೇರೇ ಪರ್ಮಿಟ್ ಅಂಟ!” ಎಂದು ಹೇಳಿ ಮುಗಿಸುವ ಮೊದಲೇ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ದಾರಿಯಲ್ಲಿ ಹೋಗುವವರು ತಿರುಗಿ ನೋಡುವಂಥ ನಗು.

ನಾನು ಕಾಕಾನನ್ನು ಈಚೆ ಕರೆದೆ. “ಖರೇ ಹೇಳ್ರಿ ಕಾಕಾ. ನಿಮಗ ಊರಿಗೆ ಹೋಗೂ ಮನಸ್ಸಿಲ್ಲ, ಹೌದಲ್ಲೋ?”

“ನನಗೇನವಾ, ಎಲ್ಲಿದ್ರೂ ಅಷ್ಟ,” ಎಂದರು. ಆಮೇಲೆ ಗದ್ದ ಎತ್ತಿ ಕಾಕುವಿನ ಕಡೆ ತೋರಿಸಿದರು. “ಆ ನಗು ಕೇಳ್ಲಿಕ್ಹತ್ತೀ ಏನು? ರಿಟೈರ್ ಆಗೂಕಿಂತ ಮದಲ ಮ್ಯಾಲಿನ ಮನಿ ನೋಡ್ಲಿಕ್ಕೆ ಧಾರವಾಡಕ್ಕ ಬಂದಿದ್ವಲ್ಲ, ಅಲ್ಲಿರೂತನಕ ಅಕಿ ಒಮ್ಮೆನೂ ನಕ್ಕಿಲ್ಲ. ಎಲ್ಲಾರ ಕೂಡ ಚೊಲೋನ ಇದ್ಲು. ಬಡಿಸಿದ್ಲು, ಮಾತಾಡಿದ್ಲು. ಆದ್ರ ನಗಲಿಲ್ಲ.”

ಆಗ ನಾನೂ ಆ ಮನೆಯಲ್ಲೇ ಇದ್ದೆ. ನೆನಪು ಮಾಡಿಕೊಂಡೆ. ನೆನಪಿನಲ್ಲಿ ಕಾಕು ನಗುತ್ತಲೇ ಇದ್ದರು. ಆದರೆ ಆ ನಗುವಿಗೆ ಎಷ್ಟು ಹುಡುಕಿದರೂ ದನಿ ಇರಲಿಲ್ಲ. ನಾನು ನೆನಪೆಂದುಕೊಂಡಿದ್ದು ಆಗ ತೆಗೆದ ಫೋಟೋ ಇರಬೇಕು.

“ಹಂಗಂತ ಕಾಕುಗ ಹೇಳಬಾರದ?”

“ಹೇಳಿದ್ರ ಒಪ್ತಾಳೇನು? ಊರು ಊರು ಅಂತ ಇಷ್ಟು ವರ್ಷ ಕಾದಾಕಿ. ನಾ ಹೇಳಿದ್ರ ನನ್ನ ಸಲುವಾಗಿ ಇರ್ತಾಳ, ಇಲ್ಲಾ ನನ್ನ ಮ್ಯಾಲೆ ಸಿಟ್ಟಿಗೆ ಹೋಗ್ತಾಳ. ಅಕೀಗೆ ತಾನ ತಿಳೀಬೇಕು. ಅದಕ್ಕ ಒಂದೀಟು ಟೈಮ್ ಬೇಕಿತ್ತು.”

“ತಿಳೀದಿದ್ರ?”

“ನಾಳೆ ಟಿಕೀಟು. ಅಲ್ಲೆ ಹೋಗಿ ನಾನ ನಗಸ್ಲಿಕ್ಕೆ ನೋಡ್ತೇನಿ.” ಕಾಕಾ ನದಿಯ ಕಡೆ ತಿರುಗಿದರು. “ನನ್ನ ಜೋಕು ನಿನಗ ಗೊತ್ತದಲ್ಲ.”

ಗೊತ್ತಿತ್ತು. ಅವಕ್ಕೆ ನಗುತ್ತಿದ್ದವರು ಕಾಕಾ ಒಬ್ಬರೇ.

ಅಷ್ಟರಲ್ಲಿ ಸೂರ್ಯ ಕೆಂಪಗೆ ಇಳಿದು ದೂರದ ಗುಡ್ಡದ ಹಿಂದೆ ಸರಿದೇಬಿಟ್ಟ. ನೀರಿನ ಮೇಲೆ ಬಣ್ಣ ಉಳಿಯಿತು. ಕಾಕಾ ನನ್ನತ್ತ ನೋಡಿ “ಏನವಾ, ಪಾಸಲ್ಲ?” ಎಂದರು. ಬೆಳಗಿನ ಸೂರ್ಯ ಸರಿ, ಸಂಜೆಯ ಸೂರ್ಯ ಸರಿ, ನದಿಯೂ ಸರಿ. ಅಷ್ಟು ದಿನ ಸಣ್ಣಸಣ್ಣದಕ್ಕೆಲ್ಲ ತಪ್ಪು ಹುಡುಕಿದ ನನಗೆ ಒಂದು ತಪ್ಪೂ ಹೊಳೆಯಲಿಲ್ಲ. ಬಾಯಿ ತೆರೆದೆ.

“ಪಾಸ್ ಹೆಂಗ ಆಗ್ತದ?” ಎಂದು ಕಾಕು ಹಿಂದಿನಿಂದ ಕೇಳಿದರು. ಯಾವಾಗ ನಗು ನಿಲ್ಲಿಸಿ ನಮ್ಮ ಹಿಂದೆ ಬಂದು ನಿಂತಿದ್ದರೋ, ಎಷ್ಟು ಕೇಳಿಸಿಕೊಂಡಿದ್ದರೋ, ಅದು ನನಗೆ ಈವರೆಗೂ ತಿಳಿದಿಲ್ಲ. “ನದ್ಯಾಗ ಮುಳಗಬೇಕು ಅಂತ ಅಲ್ಲ ನಿಮ್ಮ ಕರಾರು? ಅದು ಗುಡ್ಡದ ಹಿಂದ ಹೋತು. ನಾ ಕಣ್ಣಾರೆ ನೋಡೇನಿ.”

“ಸಂಕ್ರಾಂತಿಕಿ ಮಳ್ಳೀ ಚೂದ್ದಾಂ ವದಿನಾ,” ಎಂದರು ರಮಣಮ್ಮಗಾರು.

“ಹೂಂ, ಸಂಕ್ರಾಂತಿಗೆ ನೋಡೋಣು. ಆವಾಗ ಸೂರ್ಯ ಈ ಕಡೆ ಸರದಿರ್ತಾನ,” ಎಂದು ಕಾಕು ಕೈಯಿಂದ ಎಲ್ಲೋ ತೋರಿಸಿದರು. ಸಂಕ್ರಾಂತಿಯ ಸೂರ್ಯ ಎಲ್ಲಿ ಮುಳುಗುತ್ತಾನೆಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ ಎಂಬ ಬಲವಾದ ಗುಮಾನಿ ನನ್ನದು.

ಕಾಕಾ ತಿರುಗಿ ನೋಡಿದರು. “ರಿಜೆಕ್ಟೇನು?” ಎಂದರು.

“ರಿಜೆಕ್ಟ್,” ಎಂದರು ಕಾಕು. ಕೈಯಲ್ಲಿದ್ದ ತೆನೆಯನ್ನು ಎರಡಾಗಿ ಮುರಿದು, ಕಾಳು ಹೆಚ್ಚಿದ್ದ ತುಂಡನ್ನು ಅವರ ಕೈಗಿಟ್ಟರು. “ತಿನ್ರಿ. ಮುಂಜಾನಿಂದ ಬರೇ ನಿಂತೇ ಇದ್ದೀರಿ.”