ಕೆಂಪಿಯ ಎರಡು ಬಣ್ಣ

ಆ ದಿನದ ರಗಳೆಗೆಲ್ಲ ಮೂಲ ಒಂದು ಕೊಂಡಿ. ಗಾಜಿನ ಪೆಟ್ಟಿಗೆಯೊಳಗೆ ನೀರಿನ ಬಟ್ಟಲು ಇಟ್ಟು, ಮುಚ್ಚಳ ಮುಚ್ಚಿ, ಕೊಂಡಿ ಹಾಕಬೇಕು ಎನ್ನುವಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಗಿರಾಕಿಯೊಬ್ಬರ ಗೋಡೆಗೆ ಬಣ್ಣ ಹೊಂದುತ್ತಿಲ್ಲ, ಓಡಿ ಬಾ ಎಂದರು. ಅವನು ಓಡಿದ.

ಅವನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಯಾರ ಅಂಗಿ ಕಂಡರೂ ಅದರಲ್ಲಿ ಹಳದಿ ಎಷ್ಟು ಕೂಡಿದೆ ಎಂದು ಕೇಳದಿದ್ದರೂ ಹೇಳುವ ಚಟ. ಹಾಗಾಗಿ ಕಟ್ಟಡದವರೆಲ್ಲ ಅವನನ್ನು, ಅಂಗಡಿಯ ಬಣ್ಣದ ಮಾದರಿಪಟ್ಟಿಯ ಹೆಸರಿನಿಂದ, ಶೇಡ್‌ಕಾರ್ಡ್ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಅವನ ಜೊತೆಗಿದ್ದವಳು ಕೆಂಪಿ. ಆಳುದ್ದದ, ವಿಷವಿಲ್ಲದ, ಬೋವಾ ಜಾತಿಯ ಹಾವು.

ಕೆಂಪಿಯ ಮೈ ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣ. ಬೆನ್ನುದ್ದಕ್ಕೂ ಕುದುರೆಗೆ ಜೀನು ಹಾಕಿದಂತೆ ಕಂದು ಪಟ್ಟೆಗಳು. ಬಾಲದ ಕಡೆ ಬರುತ್ತ ಬರುತ್ತ ಆ ಕಂದು ಕೆಂಪಿಗೆ ತಿರುಗಿ, ತುದಿಯಲ್ಲಿ ಒದ್ದೆ ಇಟ್ಟಿಗೆಯಂತೆ ಹೊಳೆಯುತ್ತಿತ್ತು. ಆ ಕೆಂಪನ್ನು ಅಂಗಡಿಯ ಯಂತ್ರದಲ್ಲಿ ತರಲು ಅವನು ಎಷ್ಟೋ ಭಾನುವಾರ ಹೆಣಗಿದ್ದ. ಬಂದಿರಲಿಲ್ಲ. "ಡಬ್ಬದಲ್ಲಿ ಸಿಗೋ ಬಣ್ಣ ಅಲ್ಲ ಕಣೋ ಇದು" ಎಂದು ಗೆಳೆಯನಿಗೆ ಹೇಳುವಾಗ ಅವನ ದನಿ ಮಗಳು ರ‍್ಯಾಂಕ್ ಬಂದ ಅಪ್ಪನದಾಗುತ್ತಿತ್ತು.

ಸದ್ಯಕ್ಕೆ ಮಾತ್ರ ಅವಳು ಪೊರೆ ಬಿಡುವ ಹೊತ್ತು. ಪೊರೆ ಬಿಡುವ ಮುಂಚೆ ಹಾವಿನ ಬಣ್ಣವೆಲ್ಲ ಮಂಕಾಗುತ್ತದೆ. ಕೆಂಪಿ ವಾರವಿಡೀ ತೊಳೆಯದ ಅಲ್ಯೂಮಿನಿಯಂ ಪಾತ್ರೆಯಂತೆ ಬೂದುಗಟ್ಟಿದ್ದಳು.

ಕಟ್ಟಡಕ್ಕೊಂದು ನಿಯಮವಿತ್ತು. ಒಂದು ಮನೆಗೆ ಒಂದೇ ಸಾಕುಪ್ರಾಣಿ. ಮೀರಿದವರು ಮನೆ ಖಾಲಿ ಮಾಡಬೇಕು. ಬಂದ ದಿನವೇ ಅವನು ಸಂಘದ ಸೆಕ್ರೆಟರಿಗೆ ಹೇಳಿದ್ದ: "ನನ್ನ ಹತ್ರ ಒಂದಿದೆ ಸಾರ್. ಸದ್ದು ಮಾಡಲ್ಲ." ಸೆಕ್ರೆಟರಿ ಮೀನು ಎಂದುಕೊಂಡು ತಲೆಯಾಡಿಸಿದ್ದರು.

ಮಧ್ಯಾಹ್ನ ಅವರದೇ ಫೋನ್ ಬಂತು.

"ಶೇಡ್‌ಕಾರ್ಡ್, ಬೇಗ ಬನ್ನಿ. ನಿಮ್ಮ ಮೀನು ಕಿಟಕಿಯಿಂದ ಹೊರಗೆ ಬಂದು ಪೈಪ್ ಹಿಡ್ಕೊಂಡು ಇಳೀತಾ ಇತ್ತಂತೆ."

ಅವನು ಬರುವಷ್ಟರಲ್ಲಿ ಅಂಗಳದಲ್ಲಿ ಇಡೀ ಕಟ್ಟಡವೇ ನೆರೆದಿತ್ತು. ನಡುವೆ ಎರಡನೇ ಮಹಡಿಯ ಲೆಕ್ಕದ ಮೇಷ್ಟ್ರು, ಅಪಘಾತ ಕಂಡ ಏಕೈಕ ಸಾಕ್ಷಿಯ ಗತ್ತಿನಲ್ಲಿ ನಿಂತಿದ್ದರು.

"ನನ್ನ ಕಿಟಕಿ ಮುಂದೇನೇ ಇಳೀತು. ಬೂದು ಬಣ್ಣ. ಬೂದಿ ಅಂದ್ರೆ ಬೂದಿ. ಪಂಪ್ ಮನೆ ಹಿಂದೆ ಹೋಯ್ತು, ಆಮೇಲೆ ಕಾಣ್ಲಿಲ್ಲ."

ಪಂಪ್ ಮನೆಯ ಹಿಂದೆ ಹಾವಿರಲಿಲ್ಲ. ಒರಟು ಕಲ್ಲುಗಳ ನಡುವೆ ಉದ್ದಕ್ಕೆ ಬಿದ್ದಿದ್ದ ಪೊರೆ ಮಾತ್ರ ಸಿಕ್ಕಿತು. ಅವನು ಅದನ್ನು ಮಡಚಿಕೊಳ್ಳುತ್ತಿರುವಾಗ ನೆಲಮಹಡಿಯಿಂದ ಟೈಲರ್ ಅಕ್ಕನ ದನಿ ಕೇಳಿತು.

"ಇಲ್ಲಿದೆ ಬಾರಪ್ಪ. ನಿಧಾನಕ್ಕೆ ಬಾ, ಮಲಗಿದೆ."

ಕಿಟಕಿಯ ಪಕ್ಕದ ಬಟ್ಟೆ ರಾಶಿಯ ಮೇಲೆ, ಬಿಸಿಲಿಗೆ ಮೈಯೊಡ್ಡಿ ಕೆಂಪಿ ಸುರುಳಿ ಸುತ್ತಿದ್ದಳು. ಹೊಸ ಮೈ. ಬಿಸ್ಕತ್ತು, ಕಂದು, ಕೆಂಪು ಎಲ್ಲ ಈಗಷ್ಟೇ ಬಳಿದಂತಿದ್ದವು. ಉಸಿರಾಡಿದಾಗಲೆಲ್ಲ ಮೈಮೇಲೆ ತೆಳು ನೇರಳೆ ಹೊಳಪೊಂದು ಹರಿದು ಮಾಯವಾಗುತ್ತಿತ್ತು. ಟೈಲರ್ ಅಕ್ಕ ಹೊಲಿಯುವುದು ಬಿಟ್ಟು ಕೆನ್ನೆಗೆ ಕೈಕೊಟ್ಟು ಕೂತಿದ್ದಳು.

"ಕಿರುಚೋಣ ಅಂತಾನೇ ಬಾಯಿ ತೆಗೆದೆ. ಬಣ್ಣ ನೋಡ್ತಾ ಮರೆತೇಹೋಯ್ತು. ಈ ನೇರಳೆ ಎಲ್ಲಿಂದ ಬರುತ್ತಪ್ಪ? ಹಿಡಿಯೋಕೆ ಹೋದ್ರೆ ಇರಲ್ಲ."

"ಅದು ಬಣ್ಣ ಅಲ್ಲಕ್ಕ, ಬೆಳಕು," ಎಂದ ಅವನು.

ಕೆಂಪಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದಾಗ ಜನ ಮೊದಲು ಹತ್ತು ಹೆಜ್ಜೆ ಹಿಂದೆ ಹೋದರು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದರು. ಎಷ್ಟು ಚೆನ್ನಾಗಿದೆ ಎಂದರು. ಸೆಕ್ರೆಟರಿ ಒಂದು ಬೆರಳಿನಿಂದ ಮುಟ್ಟಿ, ತಣ್ಣಗಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಸದ್ಯ ಬದುಕಿಕೊಂಡೆ ಎಂದುಕೊಂಡ ಶೇಡ್‌ಕಾರ್ಡ್.

"ಇದಲ್ಲ," ಎಂದರು ಮೇಷ್ಟ್ರು.

"ಇದೇ ಸಾರ್. ಪೊರೆ ಬಿಡೋ ಮುಂಚೆ ಬೂದು ಕಾಣುತ್ತೆ. ಬಿಟ್ಟ ಮೇಲೆ ಹೀಗೆ."

"ಬೆಳಿಗ್ಗೆ ಬೂದು, ಮಧ್ಯಾಹ್ನ ಕೆಂಪು. ಇದೇನು ಹಾವಾ, ಸಿಗ್ನಲ್ ದೀಪವಾ? ನಾವೇನು ಕಿವಿ ಮೇಲೆ ಹೂವು ಇಟ್ಕೊಂಡಿದ್ದೀವಾ?"

ಶೇಡ್‌ಕಾರ್ಡ್ ಪೊರೆ ಬಿಚ್ಚಿ ತೋರಿಸಿದ. ಸೆಕ್ರೆಟರಿ ಅದನ್ನು ಬೆಳಕಿಗೆ ಹಿಡಿದರು.

"ಇದು ಬೂದೂ ಅಲ್ಲ, ಕೆಂಪೂ ಅಲ್ಲ, ಬಿಳಿ. ಹಾಗಾದ್ರೆ ಮೂರಿದಾವೇನ್ರೀ?"

ಅವನು ಪೊರೆಯನ್ನು ಕಸಿದು ಜೇಬಿಗೆ ತುರುಕಿದ.

"ನೋಡಿ, ಈ ಕೆಂಪು ಇರಲಿ, ಲಕ್ಷಣವಾಗಿದೆ," ಎಂದರು ಸೆಕ್ರೆಟರಿ. "ಆದ್ರೆ ಒಂದು ಮನೆಗೆ ಒಂದೇ. ಸಂಜೆಯೊಳಗೆ ಆ ಬೂದು ಹಾವನ್ನ ಹಿಡಿದು ನಮ್ಮ ಕಣ್ಣೆದುರು ಗೇಟು ದಾಟಿಸಿ. ಇಲ್ಲಾಂದ್ರೆ ನೀವು ದಾಟಿ."

ಇಲ್ಲದ ಹಾವನ್ನು ಹಿಡಿಯುವುದು ಹೇಗೆ? ಕೆಂಪಿಯನ್ನು ಪೆಟ್ಟಿಗೆಗೆ ಸೇರಿಸಿ, ಕೊಂಡಿಯನ್ನು ಎರಡೆರಡು ಸಲ ನೋಡಿ, ಅವನು ಅಕ್ವೇರಿಯಂ ಅಂಗಡಿಯ ಗೆಳೆಯನ ಬಳಿ ಓಡಿದ. ಗೆಳೆಯನ ಹತ್ತಿರ ಒಂದು ಬೋವಾ ಇತ್ತು. ಹುಟ್ಟುವಾಗಲೇ ಕೆಂಪು ಬಣ್ಣದ ಅಂಶವಿಲ್ಲದೆ ಹುಟ್ಟಿದ್ದು, ಹಾಗಾಗಿ ಮೈಯೆಲ್ಲ ಬೂದು. ಉದ್ದ, ದಪ್ಪ ಎಲ್ಲ ಕೆಂಪಿಯಷ್ಟೇ.

ಗೆಳೆಯ ಎಲ್ಲ ಕೇಳಿಸಿಕೊಂಡ. "ಹಾವು ಒಂದೇ ಅಂತ ಒಪ್ಪಿಸೋಕೆ ಆಗ್ಲಿಲ್ಲ ಅಂತ ಎರಡನೇ ಹಾವು ತಗೊಂಡು ಹೋಗ್ತೀಯಾ? ತಲೆ ಸರಿಯಿದೆಯೇನೋ?"

"ಹತ್ತು ನಿಮಿಷದ ಕೆಲಸ. ಪಂಪ್ ಮನೆ ಹಿಂದೆ ಹಿಡಿದ ಹಾಗೆ ಮಾಡ್ತೀನಿ. ನೀನು ಗೇಟ್ ಹತ್ರ ಸ್ಕೂಟರ್ ಇಟ್ಕೊಂಡು ನಿಂತಿರು. ತಂದು ನಿನ್ನ ಕೈಗೇ ಕೊಡ್ತೀನಿ."

ಸಂಜೆ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಅವನು ಬ್ಯಾಗು ಹಿಡಿದು ಪಂಪ್ ಮನೆಯ ಹಿಂದೆ ಹೋದ, ಸ್ವಲ್ಪ ಹೊತ್ತು ಕಲ್ಲು ಸರಿಸುವ ಸದ್ದು ಮಾಡಿದ, ಮೈಯೆಲ್ಲ ಧೂಳು ಮಾಡಿಕೊಂಡು ಬೂದು ಹಾವಿನೊಂದಿಗೆ ಹೊರಬಂದ.

"ಇದೇ," ಎಂದರು ಮೇಷ್ಟ್ರು, ಮರುಎಣಿಕೆಯಲ್ಲಿ ಗೆದ್ದವರಂತೆ. "ನಾನು ಹೇಳಿರಲಿಲ್ವಾ?"

ಆಗಲೇ ಗೇಟಿನ ಕಡೆ ನಡೆದುಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಸೆಕ್ರೆಟರಿ ಕನಿಕರದಿಂದ, "ಪಾಪ, ಇದಕ್ಕೆ ಬಣ್ಣವೇ ಇಲ್ಲ," ಎಂದುಬಿಟ್ಟರು.

ಶೇಡ್‌ಕಾರ್ಡ್ ನಿಂತ.

"ಬಣ್ಣ ಇಲ್ವಾ? ಹತ್ರ ಬನ್ನಿ ಸಾರ್. ಇದು ಬರೀ ಬೂದು ಅಲ್ಲ. ಇಲ್ಲಿ ಇದ್ದಿಲಿನ ಕಪ್ಪು, ಪಕ್ಕದಲ್ಲಿ ಹೊಗೆ, ಅಂಚಿಗೆ ನೋಡಿ, ಬೆಳ್ಳಿ ಗೆರೆ. ಕೆಂಪಿದ್ದರೆ ಕಣ್ಣು ಅಲ್ಲೇ ಹೋಗುತ್ತೆ, ಮಿಕ್ಕಿದ್ದು ಕಾಣಲ್ಲ. ಇದರಲ್ಲಿ ಮರೆಮಾಚೋಕೆ ಏನೂ ಇಲ್ಲ, ಒಂದೊಂದು ಹುರುಪೆನೂ ಬಿಡಿಬಿಡಿಯಾಗಿ ಕಾಣುತ್ತೆ. ಹತ್ತು ಥರ ಬೂದು ಬೆರೆಸಿದವನಿಗೇ ಗೊತ್ತು ಇದರ ಕಷ್ಟ."

ಜನ ಬಗ್ಗಿದರು. ಹೌದಲ್ಲ ಎಂದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪಟ್ಟೆಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿದರು. "ಎರಡೂ ಪಕ್ಕ ಎಷ್ಟು ಸಮ ಬಂದಿದೆ ನೋಡಿ," ಎಂದವರು ತಲೆಯೆತ್ತಿ, "ಒಂದೇ ಇರಬೇಕು ಅಂತ ತಾನೇ ನಿಯಮ ಇರೋದು? ಯಾವುದು ಇರಬೇಕು ಅಂತ ಇಲ್ವಲ್ಲ," ಎಂದರು.

ಶೇಡ್‌ಕಾರ್ಡ್‌ಗೆ ಅರ್ಥವಾಗುವಷ್ಟರಲ್ಲಿ ಬೂದು ಹಾವೇ ಇರಲಿ ಎಂದು ಕೈಗಳು ಏಳತೊಡಗಿದ್ದವು. ಅವನು ಟೈಲರ್ ಅಕ್ಕನ ಮುಖ ನೋಡಿದ. ಅವಳು ನೊಂದುಕೊಂಡೇ ಕೈಯೆತ್ತಿದಳು.

"ಕೆಂಪು ಚೆಂದವೇ ಕಣಪ್ಪ. ಆದ್ರೆ ದಿನಾ ನೋಡೋಕೆ ಬೂದೇ ಒಳ್ಳೇದು. ಯಾವುದಕ್ಕಾದ್ರೂ ಹೊಂದುತ್ತೆ."

"ಇದು ಆಗಲ್ಲ," ಎಂದ ಅವನು. "ಇದು ನನ್ನದಲ್ಲ."

ಸೆಕ್ರೆಟರಿಯ ಹುಬ್ಬು ಮೇಲೇರಿತು. "ನಿಮ್ಮದಲ್ವಾ? ಹಾಗಾದ್ರೆ ನಿಮ್ಮ ಬೂದು ಹಾವು ಇನ್ನೂ ಇಲ್ಲೇ ಎಲ್ಲೋ ಓಡಾಡ್ತಿದೆ ಅಂತಾಯ್ತು."

ಎಲ್ಲರೂ ಒಟ್ಟಿಗೆ ತಮ್ಮ ಕಾಲ ಬುಡ ನೋಡಿಕೊಂಡರು. ಶೇಡ್‌ಕಾರ್ಡ್ ಬೂದು ಹಾವನ್ನು ಹೆಗಲಿಗೆ ಹಾಕಿಕೊಂಡ.

"ನನ್ನದೇ ಸಾರ್."

ಮೇಲೆ ಹೋಗಿ ಬೂದು ಹಾವನ್ನು ಪೆಟ್ಟಿಗೆಯಲ್ಲಿಟ್ಟು, ಕೆಂಪಿಯನ್ನು ಬ್ಯಾಗಿಗೆ ಇಳಿಸಿಕೊಂಡು, ಇಡೀ ಕಟ್ಟಡ ನೋಡುತ್ತಿರುವಂತೆ ಅವನು ಗೇಟು ದಾಟಿದ. ಗೆಳೆಯ ಬ್ಯಾಗಿನೊಳಗೆ ಇಣುಕಿ ಬೆಚ್ಚಿದ.

"ನಾನು ಕೊಟ್ಟಿದ್ದು ಇದಲ್ವಲ್ಲೋ."

"ಗೊತ್ತು."

ಗೆಳೆಯ ಇನ್ನೊಮ್ಮೆ ಇಣುಕಿದ. ಸಂಜೆಬಿಸಿಲಿಗೆ ಬಾಲ ಕೆಂಡದಂತಿತ್ತು. ಅವನು ಹೆಚ್ಚು ಕೇಳಲಿಲ್ಲ, ಹುಷಾರಾಗಿ ಜಿಪ್ ಎಳೆದು ಸ್ಕೂಟರ್ ಚಾಲೂ ಮಾಡಿದ. "ಬೇಜಾರು ಮಾಡ್ಕೋಬೇಡ. ಬೇಕಾದಾಗ ಬಂದು ನೋಡ್ಕೊಂಡು ಹೋಗು."

ಶೇಡ್‌ಕಾರ್ಡ್ ಮೆಟ್ಟಿಲು ಹತ್ತಿ ಬಂದಾಗ ಅವನ ಬಾಗಿಲ ಮುಂದೆ ಸಾಲು ನಿಂತಿತ್ತು. ಮೊದಲಿಗೆ ಸೆಕ್ರೆಟರಿ, ಜೊತೆಗೆ ಅವರ ಹೆಂಡತಿ.

"ಇವಳು ಆಗ ಇರಲಿಲ್ಲ. ಅದೇನೋ ಬೆಳ್ಳಿ ಗೆರೆ ಅಂದ್ರಲ್ಲ, ಸ್ವಲ್ಪ ತೋರಿಸಿ."

ಅವನು ದೀಪ ಹಾಕಿ ತೋರಿಸಿದ. ಹಾವು ನಿಜವಾಗಿಯೂ ಚೆನ್ನಾಗಿತ್ತು. ಅದೇ ಅವನಿಗೆ ಸಂಕಟ.