ಮನಿಯವರು ಕಡೀಕ

ಮನೆಯಲ್ಲಿ ಒಬ್ಬರಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿ ಒಮ್ಮೆ ಹಬ್ಬಿತೆಂದರೆ ಆ ಮನುಷ್ಯರ ನೆಮ್ಮದಿ ಮುಗಿಯಿತೆಂದೇ ಲೆಕ್ಕ. ಗುಳಿಗೆ ಹಾಳೆಯ ಹಿಂದಿನ ಇರುವೆಯಂಥ ಅಕ್ಷರ ಅವರೇ ಓದಬೇಕು. ವಾಷಿಂಗ್ ಮಷೀನು ಕೆಂಪು ದೀಪ ಮಿಟುಕಿಸಿದರೆ ಅದಕ್ಕೇನು ಬೇನೆ ಎಂದು ಅವರೇ ಹೇಳಬೇಕು. ಮುಧೋಳದ ನಮ್ಮ ಓಣಿಯಲ್ಲಿ ಆ ನತದೃಷ್ಟೆ ನಾನು. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು, ಬದುಕಿನುದ್ದಕ್ಕೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಯಜಮಾನರು ಹೋದ ಮೇಲೆ ತಮ್ಮನ ಮನೆ ಸೇರಿದ್ದೇನೆ. ಕಲಿಸಿದ ಇಂಗ್ಲಿಷ್ ಯಾವ ಹುಡುಗರ ಬಾಯಲ್ಲಿ ಉಳಿದಿದೆಯೋ ಗೊತ್ತಿಲ್ಲ. ನನ್ನ ಬಾಯಲ್ಲಂತೂ ಉಳಿದುಬಿಟ್ಟಿದೆ. ಬಿಕ್ಕಳಿಕೆ ಬಂದರೂ ಎಕ್ಸ್‌ಕ್ಯೂಸ್ ಮಿ ಎಂದೇ ಬರುತ್ತದೆ.

ಈ ಇಂಗ್ಲಿಷೇ ಕಡೆಗೆ ನನ್ನನ್ನು ಬಿಯರಿನವರೆಗೂ ಕರೆದೊಯ್ಯುತ್ತದೆಂದು ನಾನು ಎಣಿಸಿರಲಿಲ್ಲ. ತಮ್ಮ ಶಿವಪ್ಪನ ಮಗಳು ಶೈಲಾ ಸಕ್ಕರೆ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದವಳು. ಕಬ್ಬಿನ ರಸ ಕುದಿಸಿ ಕುದಿಸಿ ಬೇಸರವಾಗಿ, ಮುಂದೆ ಏನೋ ಕಲಿಯುತ್ತೇನೆಂದು ಮಂಗಳೂರಿಗೆ ಹೋದಳು. ಏನು ಕಲಿಯುತ್ತಿದ್ದಾಳೆಂದು ನಮಗೆ ಸ್ಪಷ್ಟವಿರಲಿಲ್ಲ. ಒಂದು ದಿನ ಅವಳೇ ಫೋನು ಮಾಡಿ, ಮುಚ್ಚುಮರೆಯಿಲ್ಲದೆ, "ಅಪ್ಪಾ, ನಾ ಬಿಯರ್ ಮಾಡೂದು ಕಲ್ಯಾಕತ್ತೇನಿ" ಅಂದಳು. ಶಿವಪ್ಪ "ಊಟ ಆತೇನು?" ಎಂದು ಕೇಳಿ ಫೋನು ಇಟ್ಟ. ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು, ಚಹಾ ಸ್ವಲ್ಪ ಸ್ಟ್ರಾಂಗ್ ಆದರೂ ತಲೆ ತಿರುಗುತ್ತದೆ ಎನ್ನುವವನು. ಹಿತ್ತಲಿಗೆ ಹೋಗಿ ನಮ್ಮ ನಾಯಿ ಸರ್ದಾರನ ಪಕ್ಕ ಬಹಳ ಹೊತ್ತು ಕುಳಿತ. ನಮ್ಮೂರ ತಳಿಯ ನಾಯಿಗಳ ಮುಖವೇ ಹಾಗೆ, ಎಷ್ಟು ಉಂಡರೂ ಉಪವಾಸವಿದ್ದಂತೆ ಕಾಣುತ್ತವೆ; ಬಂದವರು ನಮ್ಮನ್ನು ಜಿಪುಣರೆಂದುಕೊಳ್ಳುತ್ತಾರೆ. ಅಂದು ಇಬ್ಬರಲ್ಲಿ ಯಾರ ಮುಖ ಹೆಚ್ಚು ಬಾಡಿತ್ತೆಂದು ಹೇಳುವುದು ಕಷ್ಟವಿತ್ತು.

ಮರುದಿನ ನನಗೆ ಆರ್ಡರ್ ಬಂತು. "ಅಕ್ಕಾ, ನೀ ಇಂಗ್ಲಿಷ್ ಬಲ್ಲಾಕಿ. ಹೋಗಿ ನೋಡ್ಕೊಂಡ ಬಾ. ಮಂದಿ ಛಲೋ ಇದ್ರ ಇರ್ಲಿ. ಇಲ್ಲಂದ್ರ ಹಂಗ ಕೈ ಹಿಡಕೊಂಡು ಕರ್ಕೊಂಡು ಬಾ. ಫ್ಯಾಕ್ಟರಿಯಾಗ ಆಕಿ ಕುರ್ಚಿ ಇನ್ನೂ ಖಾಲಿ ಐತಿ."

"ಬಿಯರಿಗೂ ಇಂಗ್ಲಿಷಿಗೂ ಏನೋ ಸಂಬಂಧ?" ಅಂದೆ.

"ಎರಡೂ ಬ್ರಿಟಿಷರ ತಂದಿದ್ದಲ್ಲೇನು?" ಅಂದ. "ನೀ ಏನ್ ಹೇಳ್ತಿ, ಅದ ಆಖೈರು" ಎಂದೂ ಸೇರಿಸಿದ. ಹೀಗೆ ಒಂದು ಹುಡುಗಿಯ ಬಾಳು ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತು. ಆ ನಾಲಿಗೆಗೆ ಮದ್ಯದ ಪರಿಚಯವೆಂದರೆ ಬೋರ್ಡಿಂಗಿನಲ್ಲಿ ನೆಗಡಿಯಾದಾಗ ಸಿಸ್ಟರ್ ಅಗ್ನೆಸ್ ಚಮಚೆಯಲ್ಲಿ ಕುಡಿಸುತ್ತಿದ್ದ ಬ್ರಾಂಡಿ ಮಾತ್ರ. ಅದೂ ಮೂಗು ಹಿಡಿದು.

ಸಿಸ್ಟರ್ ಅಗ್ನೆಸ್ ಮಂಗಳೂರಿನವರು. ಮಳೆ ಬಂದಾಗಲೆಲ್ಲ ಕಿಟಕಿಯ ಹತ್ತಿರ ನಿಂತು, "ಇದೆಂಥ ಮಳೆ! ನಮ್ಮ ಸಮುದ್ರದ ಮೇಲೆ ಬೀಳುವುದನ್ನು ನೀವು ನೋಡಬೇಕು, ಗರ್ಲ್ಸ್" ಎನ್ನುತ್ತಿದ್ದರು. ನೋಡಬೇಕು ಎಂದುಕೊಂಡೇ ನನ್ನ ಕೂದಲು ಬೆಳ್ಳಗಾಯಿತು. ಘಟಪ್ರಭೆ ತುಂಬಿ ಹೊಳೆ ಬಂದಾಗ ಸೇತುವೆಯ ಮೇಲೆ ನಿಂತು, ಇಷ್ಟೇ ಇರಬಹುದು, ಸ್ವಲ್ಪ ಉಪ್ಪು ಹೆಚ್ಚು ಎಂದು ಸಮಾಧಾನ ಮಾಡಿಕೊಂಡವಳು ನಾನು. ಅದಕ್ಕೇ ತಮ್ಮನ ಮುಂದೆ ಗಂಭೀರವಾಗಿ ಮುಖ ಮಾಡಿಕೊಂಡು, ಒಳಗೊಳಗೆ ಹಿಗ್ಗುತ್ತ ಬಸ್ಸು ಹತ್ತಿದೆ. ಬ್ಯಾಗಿನ ತುಂಬ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಬರಿಗೈಯಲ್ಲಿ ಇನ್‌ಸ್ಪೆಕ್ಷನ್‌ಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಸಮುದ್ರ ನೋಡಿದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ; ಘಟಪ್ರಭೆಗೆ ಬೇಸರವಾದೀತು. ಆ ಭಾನುವಾರ ಮಧ್ಯಾಹ್ನ ಶೈಲಾ ನನ್ನನ್ನು ತಾನು ಕೆಲಸ ಕಲಿಯುತ್ತಿದ್ದ ಲ್ಯಾನ್ಸಿ ಎಂಬವರ ಜಾಗಕ್ಕೆ ಕರೆದುಕೊಂಡು ಹೋದಳು. ಲ್ಯಾನ್ಸಿ ಹಡಗಿನ ಎಂಜಿನಿಯರ್ ಆಗಿ ರಿಟೈರ್ ಆದವರು, ನನಗಿಂತ ಸ್ವಲ್ಪ ಚಿಕ್ಕವರು. ಹಳೆಯ ಹೆಂಚಿನ ಗೋದಾಮೊಂದರಲ್ಲಿ ಸಣ್ಣದೊಂದು ಬಿಯರ್ ಮನೆ ನಡೆಸುತ್ತಾರೆ. ನಾನು ಕತ್ತಲೆಯ ಕೋಣೆ, ಕೆಂಪು ಕಣ್ಣಿನ ಗಂಡಸರು ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಒಳಗೆ ನೋಡಿದರೆ ಹಾಲಿನ ಡೈರಿಯಂತೆ ಥಳಥಳ ಸ್ಟೀಲಿನ ಹಂಡೆಗಳು. ಮೊದಲು ಲೈಸೆನ್ಸು ಎಲ್ಲಿದೆ ಎಂದು ಕೇಳಿದೆ, ತಮ್ಮ ಹೇಳಿ ಕಳಿಸಿದ್ದ. ಮೇರಿಮಾತೆಯ ಪಟದ ಪಕ್ಕದಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. "ಎಕ್ಸೈಸಿನವರು ಸಹ ಇಷ್ಟು ಓದಿಲ್ಲ ಮಾರಾಯ್ರೆ!" ಎಂದು ಲ್ಯಾನ್ಸಿ ನಕ್ಕರು.

ಹಿಂದಿನ ಅಂಗಳದಲ್ಲಿ, ಜೀಗುಜ್ಜೆ ಮರದ ನೆರಳಲ್ಲಿ, ಆಗಲೇ ಹತ್ತಾರು ಜನ ಸೇರಿದ್ದರು. ಹಲ್ಲಿನ ಡಾಕ್ಟರು, ಬ್ಯಾಂಕಿನ ಹೆಣ್ಣುಮಗಳು, ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪುಷ್ಪರಾಜ. ಎಲ್ಲರೂ ಲ್ಯಾನ್ಸಿಯವರ ಸಣ್ಣ ಪಾತ್ರೆಗಳಲ್ಲಿ ತಮ್ಮ ತಮ್ಮ ಬಿಯರು ಮಾಡಿ, ಆಗಾಗ ಹೀಗೆ ಕೂಡಿ ರುಚಿ ನೋಡುತ್ತಾರಂತೆ. ಅವರ ಪದ್ಧತಿಯನ್ನು ಲ್ಯಾನ್ಸಿ ನನಗೆ ತಿಳಿಸಿ ಹೇಳಿದರು. ಮಾಡಿದವರು ತಾವೇ ಎಲ್ಲರ ಪುಟ್ಟ ಗ್ಲಾಸುಗಳಿಗೆ ಬಡಿಸಬೇಕು. ಹಿಡಿಸಿದರೆ ಕುಡಿಯುವುದು. ಹಿಡಿಸದೆ ಉಳಿದದ್ದನ್ನು ಆ ಮಾಡಿದವರ ಜಗ್ಗಿಗೇ ವಾಪಸು ಸುರಿಯುವುದು. ಕೊನೆಗೆ ಯಾರ ಜಗ್ಗಿನಲ್ಲಿ ಕಡಿಮೆ ಉಳಿದಿದೆಯೋ ಅವರದನ್ನು ದೊಡ್ಡ ಹಂಡೆಯಲ್ಲಿ ಮಾಡಿ ಅಂಗಡಿಯಲ್ಲಿ ಇಡುತ್ತಾರೆ. "ಬಾಯಲ್ಲಿ ಹೊಗಳುವುದು ಸುಲಭ ಮೇಡಂ. ಜಗ್ಗು ಸುಳ್ಳು ಹೇಳುವುದಿಲ್ಲ" ಅಂದರು.

ಶೈಲಾ ನನ್ನ ಕಿವಿಯಲ್ಲಿ, "ಅತ್ತೀ, ಈ ಸಲ ನಂದ ಆಗಬೇಕು. ಊರಿನ ಬಿಳಿಜ್ವಾಳ, ಊರಿನ ಬೆಲ್ಲ ಹಾಕಿ ಮಾಡೇನಿ. ದೊಡ್ಡ ಹಂಡೇಕ ಏರಿತಂದ್ರ ಅಪ್ಪಗೂ ಗೊತ್ತಾಕ್ಕೈತಿ, ನಾ ಇಲ್ಲಿ ಆಟಾ ಆಡಾಕ ಬಂದಿಲ್ಲಂತ" ಅಂದಳು. ಅವಳ ಕೈ ತಣ್ಣಗಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಹಾಗೇ ತಣ್ಣಗಿತ್ತು.

ಇಲ್ಲಿ ನಮ್ಮ ಮನೆಯ ಊಟದ ಶಾಸ್ತ್ರವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ತಿಳಿಯುವುದಿಲ್ಲ. ನಮ್ಮವ್ವನ ಕಾನೂನು ಎರಡೇ. ಒಂದು, ತಾಟಿನಲ್ಲಿ ಅಗಳು ಬಿಡಬಾರದು. ಕಾನ್ವೆಂಟಿನ ಡೈನಿಂಗ್ ಹಾಲಿನಲ್ಲೂ ಸಿಸ್ಟರ್ ಅಗ್ನೆಸ್ ತಟ್ಟೆ ಇಣುಕಿ ನೋಡುತ್ತಿದ್ದುದರಿಂದ ಈ ಕಾನೂನು ನನಗೆ ಎರಡು ಧರ್ಮಗಳಿಂದಲೂ ಬಂದದ್ದು. ಇನ್ನೊಂದು, ಮನಿಯವರು ಕಡೀಕ. ಮೊದಲು ಬಂದವರು, ಆಮೇಲೆ ಆಳುಮಕ್ಕಳು, ಆಮೇಲೆ ನಾಯಿ, ಎಲ್ಲರದೂ ಆದ ಮೇಲೆ ಮನೆಯವರು. ಬಂದವರ ಮುಂದೆ ಮನೆಯವರು ಕೈ ತೊಳೆದು ಕುಳಿತರೆ ನಮ್ಮವ್ವನ ಒಂದು ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬಿನ ಭಯ ಅವಳು ಹೋದ ಮೇಲೂ ಹೋಗಿಲ್ಲ.

ಅಂಗಳದಲ್ಲಿ ಬಡಿಸುವುದು ಶುರುವಾಯಿತು. ಹಲ್ಲಿನ ಡಾಕ್ಟರು ಸುರಿದದ್ದು ಕಷಾಯದಂತೆ ಕಹಿಯಾಗಿತ್ತು. ಉಳಿದವರು ಅರ್ಧ ಕುಡಿದು ಜಗ್ಗಿಗೆ ಸುರಿದರು. ನಾನು ಮಾತ್ರ ಬ್ರಾಂಡಿಯ ಚಮಚೆ ನೆನೆದು, ಮೂಗು ಹಿಡಿಯದೆ, ಪೂರ್ತಿ ಮುಗಿಸಿದೆ. ಬ್ಯಾಂಕಿನವಳದೂ ಮುಗಿಸಿದೆ. ಪುಷ್ಪರಾಜನದು ಪುನರ್ಪುಳಿ ಹಣ್ಣು ಹಾಕಿದ್ದು, ಕೆಂಪಗೆ, ಹುಳಿ ಹುಳಿ, ಖರೆ ಹೇಳಬೇಕೆಂದರೆ ಛಲೋ ಇತ್ತು. ಗ್ಲಾಸು ಖಾಲಿಯಾದಾಗಲೆಲ್ಲ ಮಾಡಿದವರ ಮುಖ ಅರಳುತ್ತಿತ್ತು. "ಮೇಡಂ ಒಳ್ಳೆ ಜಡ್ಜ್ ಮಾರಾಯ್ರೆ!" ಎಂದರು ಡಾಕ್ಟರು. ನಡುನಡುವೆ ಎದ್ದು ಬ್ಯಾಗು ಬಿಚ್ಚಿ ಹೋಳಿಗೆ, ರೊಟ್ಟಿ, ಹಿಂಡಿ ಹಂಚಿದೆ. "ಇನ್ನೊಂದ್ ತೊಗೋರಿ, ಒಂದ್ರಾಗ ಏನಾಕ್ಕೈತಿ?" ಎಂದು ಒತ್ತಾಯ ಮಾಡುತ್ತ ಓಡಾಡುವಾಗ ನಾನು ಪರೀಕ್ಷಕಳಾಗಿ ಬಂದದ್ದೇ ಮರೆತುಹೋಯಿತು. ಬಡಿಸುವ ಕೈ ಎಂದ ಮೇಲೆ ನಾವೇ ಮನೆಯವರು, ಅವರೇ ಬಂದವರು.

ಕೊನೆಯಲ್ಲಿ ಶೈಲಾ ಬಂದಳು. ಎಲ್ಲರಿಗೂ ಸುರಿದು ನನಗೂ ಸುರಿದಳು. ನಾನು ಗ್ಲಾಸನ್ನು ಜೋಪಾನವಾಗಿ ಮುಂದಿಟ್ಟುಕೊಂಡು, ಉಳಿದವರು ಕುಡಿಯುವುದನ್ನು ನೋಡುತ್ತ ಕುಳಿತೆ. ನಮ್ಮ ಮನೆಯ ಪದಾರ್ಥ, ಬಂದವರದು ಆಗಲಿ. ಎಷ್ಟೋ ಗ್ಲಾಸುಗಳು ಖಾಲಿಯಾದವು, ಕೆಲವರು ಸ್ವಲ್ಪ ಉಳಿಸಿದರು. ಅಷ್ಟರಲ್ಲಿ ಲ್ಯಾನ್ಸಿ ಎದ್ದು ಬಂದು ನನ್ನ ತುಂಬಿದ ಗ್ಲಾಸನ್ನು ಎತ್ತಿ, ಒಂದು ಕ್ಷಣ ನನ್ನ ಮುಖ ನೋಡಿ, ಹಿಡಿಸಲಿಲ್ಲವೆಂದುಕೊಂಡು, ಶೈಲಾಳ ಜಗ್ಗಿಗೆ ಸುರಿದರು. ಬುಳು ಬುಳು ಎಂದು ಸದ್ದಾಯಿತು.

"ಎಲ್ಲರದ್ದೂ ಕುಡಿದರು. ಸ್ವಂತದವಳದ್ದು ಮೂಸಿಯೂ ನೋಡಲಿಲ್ಲ" ಎಂದು ಯಾರೋ ಪಿಸುಗುಟ್ಟಿದರು.

ಶೈಲಾ ಜಗ್ಗು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ದನಿ ಸಣ್ಣಗಿತ್ತು. "ಆತು ಬಿಡತ್ತಿ. ನೀ ಮೊದಲ ಬ್ಯಾಡಂತ ಠರಾಯಿಸ್ಕೊಂಡ ಬಂದಿದ್ದಿ, ಹೌದಿಲ್ಲೋ? ಬಾಯಿಗಿ ಹಚ್ಚಿ ಬ್ಯಾಡ ಅಂದಿದ್ರ ನಡೀತಿತ್ತು. ಹಚ್ಚಲೇ ಇಲ್ಲಲ್ಲ ಬೇ. ಅಪ್ಪಗ ಹೇಳು, ನಾಳೆ ಬರ್ತೇನಂತ."

"ಏನ್ ಹುಚ್ಚಿ ಅದಿಯೇ! ಕುಡೀತಿದ್ನೆಲ್ಲ! ಎಲ್ಲಾರ್ದೂ ಆಗ್ಲಿ ಅಂತ ತಡದಿದ್ದೆ. ಮಂದಿ ಮುಂದ ನಾವ ಮೊದಲ ಕುಡದ್ರ ಏನಂದಾರು? ನಾವು ಮನಿಯವರಲ್ಲೇನ?"

ಶೈಲಾ ನನ್ನನ್ನೇ ನೋಡಿದಳು. ಅವಳಿಗೆ ಮೊದಲು ಅಜ್ಜಿಯ ಹುಬ್ಬು ನೆನಪಾಗಿರಬೇಕು, ಆಮೇಲೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಮೂಗು ಒರೆಸಿಕೊಳ್ಳುತ್ತ ಉಳಿದವರಿಗೆಲ್ಲ ನಮ್ಮ ಶಾಸ್ತ್ರ ವಿವರಿಸಿದಳು. ಬಂದವರು, ಆಳುಮಕ್ಕಳು, ನಾಯಿ ಎಂದು ಹೇಳುವಾಗ ಪುಷ್ಪರಾಜ, "ನಾಯಿಯ ನಂತರವಾ? ಅಯ್ಯೋ ದೇವರೆ, ಇದೆಂಥ ಮನೆ ಮಾರಾಯ್ತಿ ನಿಮ್ಮದು!" ಎಂದು ಹೊಟ್ಟೆ ಹಿಡಿದುಕೊಂಡ. ಜಗ್ಗುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಆ ಒಂದು ಗ್ಲಾಸಿನಿಂದ ಶೈಲಾ ಅವನಿಗಿಂತ ಹಿಂದೆ ಬಿದ್ದಿದ್ದಳು. ಅವನೇ, "ಲ್ಯಾನ್ಸಿ ಅಂಕಲ್, ಅವರ ಗ್ಲಾಸು ವಾಪಸ್ ಕೊಡಿ. ಅವರು ಕುಡಿದರೆ ಶೈಲಾಂದೇ ಮೊದಲು. ಇದೆಂಥ ಗೆಲುವು ನಂಗೆ?" ಅಂದ. ಆ ಮಾತು ಕೇಳಿದಾಗಲೇ ನನ್ನ ಇನ್‌ಸ್ಪೆಕ್ಷನ್ ಅರ್ಧ ಮುಗಿದಿತ್ತೆಂದು ಈಗ ಅನ್ನಿಸುತ್ತದೆ.

ಗ್ಲಾಸು ಮತ್ತೆ ತುಂಬಿ ಬಂತು. ಅಂಗಳವೆಲ್ಲ ನನ್ನ ಗಂಟಲನ್ನೇ ನೋಡುತ್ತಿತ್ತು. ಒಂದು ಗುಟುಕು ಕುಡಿದೆ. ಮೊದಲು ಬೆಲ್ಲ, ಬೆಲ್ಲವೂ ಅಲ್ಲ, ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಯ ದಾರಿಯಲ್ಲಿ ಹೋಗುವಾಗ ಮೂಗಿಗೆ ಬಡಿಯುವ ಕಾಕಂಬಿಯ ಘಾಟು. ಅದೆಲ್ಲ ಇಳಿದ ಮೇಲೆ, ತೀರ ಕೊನೆಯಲ್ಲಿ, ನಾಲಿಗೆಯ ಹಿಂದೆ ಸಣ್ಣಗೆ ಒಂದು ಹುಳಿ. ಬೇಸಿಗೆಯಲ್ಲಿ ನಮ್ಮವ್ವ ಗಡಿಗೆಯಲ್ಲಿ ಹುಳಿಸಿಟ್ಟು, ಹೊಲದಿಂದ ಬಂದವರಿಗೆಲ್ಲ ಕೊಟ್ಟು, ತಳದಲ್ಲಿ ಉಳಿದದ್ದನ್ನು ನಮಗೆ ಕೊಡುತ್ತಿದ್ದ ಜೋಳದ ಅಂಬಲಿ. ಆ ತಳದ ರುಚಿ ಎಷ್ಟು ವರ್ಷಗಳ ಮೇಲೆ, ಎಲ್ಲಿಯೋ ಸಮುದ್ರದ ದಂಡೆಯಲ್ಲಿ, ಬಿಯರಿನ ಗ್ಲಾಸಿನಲ್ಲಿ! ಇನ್ನೊಂದು ಗುಟುಕು ಕುಡಿದು ನೋಡಿದೆ, ಅದೇ.

"ಹೆಂಗೈತಿ ಅತ್ತಿ?"

ಸುಳ್ಳು ಹೇಳಬಹುದಿತ್ತು. ಕಾನ್ವೆಂಟಿನ ಮ್ಯಾನರ್ಸು ಹೇಳು ಎನ್ನುತ್ತಿತ್ತು. ಆದರೆ ನಾಲಿಗೆ ಮುಧೋಳದ್ದು. "ಜ್ವಾಳ ಛಲೋ ಐತಿ ಶೈಲಾ. ಆದ್ರ ಎಲ್ಲೋ ಹಿಂದ ನಿಂತೈತಿ. ನಿನ್ನ ಬೆಲ್ಲ ಮಂದೀಗಿಂತ ಮೊದಲ ಬಂದು ಪಂಕ್ತಿಯೊಳಗ ಕುಂತುಬಿಟ್ಟೈತಿ. ಅದನ್ನ ಕಡೀಕ ಕುಂದರಸು."

ಲ್ಯಾನ್ಸಿ ತೊಡೆ ತಟ್ಟಿಕೊಂಡು, "ನಾನು ಎರಡು ವಾರದಿಂದ ಇದನ್ನೇ ಹೇಳುವುದು, ಇವಳು ಕೇಳುವುದಿಲ್ಲ!" ಎಂದರು. ಶೈಲಾ ತಿರುಗಿ ಬಿದ್ದಳು. ಬೆಲ್ಲವಿಲ್ಲದೆ ನಮ್ಮೂರಿನದು ಹೇಗಾಗುತ್ತದೆ ಎಂದು ಅವಳು, ಎಲ್ಲ ಬೆಲ್ಲವನ್ನೂ ಒಂದೇ ಸಲ ಯಾಕೆ ಎಂದು ಅವರು, ನಡುವೆ ಡಾಕ್ಟರು, ಬ್ಯಾಂಕಿನವಳು, ಎಲ್ಲರೂ ಸೇರಿ ನಮ್ಮ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡರು, ಅವಳೂ ಬಿಡದೆ ತಿರುಗೇಟು ಕೊಟ್ಟಳು, ಕೈಯಲ್ಲಿ ಖಡಕ್ ರೊಟ್ಟಿ ಮುರಿಯುತ್ತ. ಮನೆಯಲ್ಲಿ ಅಪ್ಪನ ಜೊತೆ ವಾದ ಮಾಡುವಾಗಿನದೇ ದನಿ. ನನ್ನ ಗ್ಲಾಸಿನಲ್ಲಿ ಸ್ವಲ್ಪ ಉಳಿದಿತ್ತು. ಬದುಕಿನಲ್ಲಿ ಮೊದಲ ಸಲ, ಉಳಿಸಿದ್ದನ್ನು ನಾನೇ ಎದ್ದು ಶೈಲಾಳ ಜಗ್ಗಿಗೆ ಸುರಿದೆ. ಪುಷ್ಪರಾಜನ ಪುನರ್ಪುಳಿ ದೊಡ್ಡ ಹಂಡೆಗೆ ಏರಿತು. "ಮುಂದಿನ ಸಲ ನಿಂದು, ಬೆಲ್ಲ ಕಡಿಮೆ ಮಾಡಿದರೆ ಮಾತ್ರ" ಎಂದು ಲ್ಯಾನ್ಸಿ ಶೈಲಾಳಿಗೆ ಹೇಳಿದರು. ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ಅವಳು ಅದರ ವಿಷಯವನ್ನೇ ಮಾತಾಡುತ್ತಿದ್ದಳು. ಅಪ್ಪನಿಗೆ ಏನು ಹೇಳುತ್ತೀ ಎಂದು ಕೇಳುವುದನ್ನೂ ಮರೆತಿದ್ದಳು. ನನಗೆ ಬೇಕಿದ್ದ ಉತ್ತರ ಅದೇ.

ಒಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಊರಿಗೆ ತಂದೆ. ಶಿವಪ್ಪ ಹಿತ್ತಲಲ್ಲೇ ಕಾಯುತ್ತಿದ್ದ.

"ಮಂದಿ ಹೆಂಗದಾರ?"

"ಜಗಳಾಡ್ತಾರ."

"ಯಾರ ಕೂಡ?"

"ನಿನ್ನ ಮಗಳ ಕೂಡ. ಆಕಿ ಸೋತಾಳ ಅಂತ ಗೆದ್ದಾಂವಗೂ ಸಮಾಧಾನ ಇರಲಿಲ್ಲ. ಆಮ್ಯಾಲ ಎಲ್ಲಾರೂ ಕೂಡಿ ನಮ್ಮ ರೊಟ್ಟಿ ಉಂಡ್ರು."

ಶಿವಪ್ಪ ಸರ್ದಾರನ ಕಿವಿ ತುರಿಸಿದ. "ಹಂಗಾರ ಇರ್ಲಿ ಬಿಡು" ಅಂದ. "ಫ್ಯಾಕ್ಟರಿಯವರಿಗಿ ಕುರ್ಚಿ ಮತ್ಯಾರಿಗರ ಕೊಡ್ರಿ ಅಂತ ಹೇಳ್ತೇನಿ." ನನಗೆ ಧೈರ್ಯ ಬಂದು ಟವೆಲು ಬಿಚ್ಚಿ, "ಮಗಳು ಮಾಡಿದ್ದು. ಒಂದ್ ಗುಟುಕು ನೋಡ್ತೀಯೇನೋ?" ಅಂದೆ. ಅವನ ಕೈ ತಾನಾಗಿ ಎದೆಯ ಲಿಂಗದ ಮೇಲೆ ಹೋಯಿತು. ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದ. ಬಣ್ಣ ನೋಡಿ ಮುಖದಲ್ಲಿ ಏನೋ ಅರಳಿದ್ದಂತೂ ನಿಜ. ಆಮೇಲೆ ಬಹಳ ಗಂಭೀರವಾಗಿ, "ಮೊದಲ ಬಂದವರ ಕುಡೀಲಿ ಅಕ್ಕಾ. ನಾವು ಮನಿಯವರು" ಎಂದು ನನ್ನ ಕೈಗೇ ವಾಪಸು ಕೊಟ್ಟ.

ಬಾಟಲಿ ಈಗ ಫ್ರಿಜ್ಜಿನಲ್ಲಿದೆ, ಉಪ್ಪಿನಕಾಯಿ ಡಬ್ಬಿಯ ಹಿಂದೆ. ಬಂದವರು ಚಹಾ ಕುಡಿದು ಹೋದರು. ಆಳುಮಕ್ಕಳು ಮಜ್ಜಿಗೆ ಸಾಕು ಅಂದರು. ಸರ್ದಾರನ ಮುಂದೆ ಒಂದು ಬಟ್ಟಲಲ್ಲಿ ಹನಿ ಹಾಕಿಟ್ಟೆ. ಮೂಸಿ ನೋಡಿ ಸೀನಿ ಎದ್ದು ಹೋದ. ಶಾಸ್ತ್ರದ ಪ್ರಕಾರ ಇನ್ನು ಉಳಿದದ್ದು ಮನೆಯವರ ಸರದಿ. ತಮ್ಮ ಮುಟ್ಟುವವನಲ್ಲ, ಉಳಿದವಳು ನಾನು. ಮೊದಲು ಬಾಟಲಿ ಇನ್ನಷ್ಟು ತಣ್ಣಗಾಗಲಿ ಎಂದು ಫ್ರಿಜ್ಜಿನ ಇಂಗ್ಲಿಷ್ ಸೂಚನೆ ಓದಬೇಕಾಗಿದೆ. ಆ ಕೆಲಸಕ್ಕೆ ಈ ಮನೆಯಲ್ಲಿ ಯಥಾಪ್ರಕಾರ ನಾನೊಬ್ಬಳೇ.