ಬೀರುವಿಗೆ ಹೇಳಿದ ಕಾಲುನೋವು

ಕಷ್ಟವಿದ್ದಾಗ ಕಷ್ಟವಿದೆ ಎಂದು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಇದು ನಮ್ಮ ಮನೆತನದ ಗುಣ. ನಮ್ಮ ತಂದೆಯವರು ಹಲ್ಲುನೋವು ಬಂದರೆ ಊಟ ಬೇಡ ಎನ್ನುತ್ತಿದ್ದರೇ ಹೊರತು ಹಲ್ಲಿನ ಮಾತನ್ನೇ ಎತ್ತುತ್ತಿರಲಿಲ್ಲ. ಅಂಥವರ ಮಗನಾದ ನಾನು ಒಂದು ಕಾಲದಲ್ಲಿ, ಇಲ್ಲದ ನೋವನ್ನು ಇದೆ ಇದೆ ಎಂದು ಪ್ರತಿ ಸಂಜೆಯೂ ಕೂಗಿ ಹೇಳುತ್ತಿದ್ದೆ ಎಂದರೆ ನಮ್ಮ ಕಡೆಯವರು ಯಾರೂ ನಂಬುವುದಿಲ್ಲ. ನೀವಾದರೂ ನಂಬಬೇಕು.

ಆಗಲೂ ನಾವು ಘಾಟ್ಕೋಪರಿನ ಈ ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿದ್ದೆವು. ಒಂದು ರೂಮು, ಒಂದು ಅಡಿಗೆಮನೆ. ನನ್ನ ಆಫೀಸು ಗೋರೆಗಾಂವ್‌ನಲ್ಲಿ. ದಾದರ್‌ವರೆಗೆ ಒಂದು ಲೋಕಲ್ ರೈಲು, ದಾದರಿನ ಬ್ರಿಡ್ಜಿನ ಮೇಲೆ ಎದುರಿನಿಂದ ಬರುವವರೊಡನೆ ಒಂದು ಕುಸ್ತಿ, ಅಲ್ಲಿಂದ ಗೋರೆಗಾಂವ್‌ಗೆ ಇನ್ನೊಂದು ಲೋಕಲ್. ಆಫೀಸಿನಲ್ಲಿ ನನಗೆ ಇಬ್ಬರು ಸಾಹೇಬರು. ಮಾಲು ಇವತ್ತೇ ಹೊರಡಬೇಕು ಎನ್ನುವವರು ಒಬ್ಬರು. ನನ್ನ ಸಹಿಯಿಲ್ಲದೆ ಹೊರಡಕೂಡದು ಎಂದು ಹೇಳಿ ಪುಣೆಗೆ ಹೋಗಿಬಿಡುವವರು ಇನ್ನೊಬ್ಬರು. ಮೈಸೂರಿನಲ್ಲಿದ್ದಾಗ ನನಗೆ ಬೇಜಾರಾಗುತ್ತಿತ್ತು, ಚಿಂತೆಯಾಗುತ್ತಿತ್ತು, ಒಮ್ಮೊಮ್ಮೆ ತಲೆ ಕೆಡುತ್ತಿತ್ತು. ಮುಂಬಯಿಗೆ ಬಂದ ಮೇಲೆ ಇವೆಲ್ಲ ಒಟ್ಟಿಗೆ ಸೇರಿ ಟೆನ್ಷನ್ ಎಂಬ ಒಂದೇ ಹೆಸರು ಇಟ್ಟುಕೊಂಡವು. ಹಲ್ಲು ಕಚ್ಚಿಕೊಂಡೇ ಮಲಗುತ್ತಿದ್ದೆ, ಹಾಗೆಯೇ ಏಳುತ್ತಿದ್ದೆ. ಕತ್ತು ತಿರುಗುತ್ತಿರಲಿಲ್ಲ. ಸಾರಿಗೆ ಉಪ್ಪು ಸಾಲದು ಎಂದು ಹೇಳಿದರೂ ಜಗಳವಾಡಿದ ಹಾಗೆ ಕೇಳಿಸುತ್ತಿತ್ತು. ಡಾಕ್ಟರು ಎಲ್ಲ ನೋಡಿ, "ಕುಛ್ ನಹೀ ಹೈ, ಟೆನ್ಷನ್ ಮತ್ ಲೋ" ಎಂದರು. ಟೆನ್ಷನ್ ಮಾಡಿಕೊಳ್ಳಬೇಡಿ ಎಂಬ ಈ ಸಲಹೆಯನ್ನು ಜಾರಿಗೆ ತರುವುದು ಹೇಗೆ ಎಂಬುದು ನನಗೆ ಇನ್ನೊಂದು ಟೆನ್ಷನ್ ಆಯಿತು.

ಇಂಥ ಹೊತ್ತಿನಲ್ಲಿ ನಮ್ಮ ಅತ್ತೆಯವರು, ಎಂದರೆ ನನ್ನ ಹೆಂಡತಿ ವನಜಳ ತಾಯಿ, ಮೈಸೂರಿನಿಂದ ಬಂದರು. ಮಾವನವರು ಹಿಂದಿನ ವರ್ಷ ತೀರಿಕೊಂಡಿದ್ದರು. ಬಾಡಿಗೆ ಮನೆ ಬಿಟ್ಟು ಅತ್ತೆ ತಮ್ಮ ಮೈದುನನ ಮನೆ ಸೇರಿದ್ದರು. ಅಲ್ಲಿ ಅವರನ್ನು ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅವರೊಡನೆ ಒಂದು ಮಾತು ಆಡುತ್ತಲೂ ಇರಲಿಲ್ಲ. ಬಂದವರು ಕಾಲು ತೊಳೆದುಕೊಂಡು ಮಗಳಿಗೆ ಹೇಳಿದ ಮೊದಲ ಮಾತು, "ಹದಿನೈದು ದಿನಕ್ಕೆ ವಾಪಸು ಟಿಕೆಟ್ ತೆಗೆಸೋಕೆ ಅವರಿಗೆ ಹೇಳಮ್ಮ. ಮಗಳ ಮನೇಲಿ ಎಷ್ಟು ದಿನಾಂತ ಇರೋದು" ಎಂದು. ಅವರು ಎಂದರೆ ನಾನೇ. ಎದುರಿಗೇ ನಿಂತಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದಾಗಿನಿಂದ ಅತ್ತೆಯವರು ನನ್ನೊಡನೆ ನೇರವಾಗಿ ಒಂದೇ ಒಂದು ಮಾತು ಆಡಿರಲಿಲ್ಲ. ಕೋಪವಲ್ಲ, ಮರ್ಯಾದೆ. ಹಳೇ ಕಾಲದವರು, ಅಳಿಯನ ಎದುರು ಕುರ್ಚಿಯಲ್ಲೂ ಕೂರುತ್ತಿರಲಿಲ್ಲ. ಏನಿದ್ದರೂ ವನಜಳ ಮೂಲಕ. ವನಜ ಮನೆಯಲ್ಲಿ ಇಲ್ಲದಿದ್ದರೆ ರೂಮಿನ ಮೂಲೆಯಲ್ಲಿದ್ದ ನಮ್ಮ ಕಬ್ಬಿಣದ ಬೀರುವಿನ ಕಡೆ ತಿರುಗಿ, "ಕಾಫಿ ಆಗಿದೆ, ಕುಡೀಬಹುದು" ಎನ್ನುವರು. ನಾನೂ ಬೀರುವಿಗೆ, "ಸಕ್ಕರೆ ಸ್ವಲ್ಪ ಕಮ್ಮಿ ಇರಲಿ" ಎನ್ನುತ್ತಿದ್ದೆ. ಹೊರಗಿನವರು ಯಾರಾದರೂ ನೋಡಿದ್ದರೆ ಆ ಮನೆಯ ಯಜಮಾನಿಕೆ ಬೀರುವಿನದೇ ಎಂದುಕೊಳ್ಳುತ್ತಿದ್ದರು.

ನಮ್ಮ ಎದುರು ಮನೆಯ ಜಸುಬೆನ್ ಎಂಬ ಗುಜರಾತಿ ಹೆಂಗಸು ಆಗ ತಾನೇ ಅವರ ಸಮಾಜದ ಸಭಾಭವನದಲ್ಲಿ ರಿಫ್ಲೆಕ್ಸಾಲಜಿ ಕ್ಲಾಸಿಗೆ ಹೋಗಿ ಕಲಿತುಬಂದಿದ್ದರು. ಪಾದದಲ್ಲಿ ಇಡೀ ದೇಹವೇ ಇದೆಯಂತೆ: ಹೆಬ್ಬೆರಳಿನಲ್ಲಿ ತಲೆ, ಅದರ ಕೆಳಗೆ ಕತ್ತು, ಅಂಗಾಲಿನ ನಡುವೆ ಹೊಟ್ಟೆ. ಸರಿಯಾದ ಜಾಗ ಒತ್ತಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಿದ್ದರು. ಅವರ ಗೋಡೆಯ ಮೇಲೆ ಎರಡು ಪಾದಗಳ ದೊಡ್ಡ ಪಟ ಇತ್ತು. ಕೆಂಪು, ಹಸಿರು, ಹಳದಿ ಬಣ್ಣದಲ್ಲಿ ಅಂಗಾಂಗಗಳು; ಬರಹವೆಲ್ಲ ಗುಜರಾತಿಯಲ್ಲಿ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಜಸುಬೆನ್‌ಗೆ ಕನ್ನಡ ಬಾರದು. ಆದರೂ ಮಧ್ಯಾಹ್ನ ಇಬ್ಬರೂ ಎದುರುಬದುರು ಚಾಪೆ ಹಾಕಿಕೊಂಡು ಒಬ್ಬರ ಕಾಲು ಒಬ್ಬರು ಒತ್ತುತ್ತಾ, ಇವರು ಕನ್ನಡದಲ್ಲಿ ಅವರು ಗುಜರಾತಿಯಲ್ಲಿ ತಮ್ಮ ತಮ್ಮ ಗಂಡಂದಿರ ವಿಷಯ ಮಾತಾಡುತ್ತಿದ್ದರು. ಮೈದುನನ ಮನೆಯಲ್ಲಿ ಒಂದು ವರ್ಷ ಆಡದೆ ಉಳಿಸಿಕೊಂಡ ಮಾತೆಲ್ಲ ಅಲ್ಲಿ ಖರ್ಚಾಯಿತು. ಅತ್ತೆ ಕೆಲಸ ಚೆನ್ನಾಗಿಯೇ ಕಲಿತರು.

ಒಂದು ಸಂಜೆ ನಾನು ಬೂಟು ಬಿಚ್ಚಿ ಕತ್ತು ಹಿಡಿದುಕೊಂಡು ಕುರ್ಚಿಯಲ್ಲಿ ಬಿದ್ದಿದ್ದೆ. ಅತ್ತೆ ಹರಳೆಣ್ಣೆ ಬಟ್ಟಲು ತಂದು, ಎದುರಿಗೆ ಮಣೆ ಹಾಕಿ ಕೂತರು. "ಕಾಲು ಚಾಚೋಕೆ ಹೇಳು, ವನಜಾ" ಎಂದರು. ನಾನು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡುಬಿಟ್ಟೆ. ಲೋಕಲ್‌ನಲ್ಲಿ ಅಪರಿಚಿತರಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋಗಿ ಬೈಸಿಕೊಂಡವನು ನಾನು. ಹೆತ್ತ ತಾಯಿಯ ಸಮಾನರ ಕೈಗೆ ಕಾಲು ಕೊಡುವುದುಂಟೇ?

"ಬೇಡ ಅನ್ನು ವನಜಾ. ದೊಡ್ಡವರು. ಪಾಪ ಬರತ್ತೆ."

ಅತ್ತೆ ಎಣ್ಣೆಗೆ ಬೆರಳು ಅದ್ದುತ್ತಾ ಅಡಿಗೆಮನೆಯ ಕಡೆಗೇ ಹೇಳಿದರು: "ಧಾರೆ ದಿನ ನಿಮ್ಮಪ್ಪ ಇವರ ಕಾಲು ತೊಳೆದಾಗ ನೀರು ಹಾಕಿದ್ದು ನಾನೇ ಅಂತ ಹೇಳೇ. ಆವತ್ತು ಬರದ ಪಾಪ ಇವತ್ತು ಬರತ್ತಾ ಅಂತ ಕೇಳು."

ಪ್ಯಾಂಟಿನ ತುದಿ ಮಡಿಸಿಕೊಂಡೆ. ಕಾಲು ಕೊಟ್ಟೆ.

ಹೆಬ್ಬೆರಳಿನ ಬುಡ ಒತ್ತಿದಾಗ ಕಣ್ಣಲ್ಲಿ ನೀರು ಬಂತು. "ನೋವಿದ್ಯಾ ಕೇಳೇ" ಎಂದರು ಅತ್ತೆ. "ನೋವಿದ್ಯಾಂತೆ ರೀ" ಎಂದಳು ವನಜ, ಒಗ್ಗರಣೆ ಹಾಕುತ್ತಾ. "ಇದೆ ಅನ್ನು." "ಇದ್ಯಂತಮ್ಮ." ಹೀಗೆ ನನ್ನ ಕಾಲಿನ ಸಮಾಚಾರ ಅಡಿಗೆಮನೆಗೆ ಹೋಗಿ, ಇಂಗಿನ ವಾಸನೆ ಹಿಡಿದುಕೊಂಡು ಮತ್ತೆ ಕಾಲಿನ ಬಳಿಗೇ ಬರುತ್ತಿತ್ತು. ಮುಗಿದ ಮೇಲೆ ನಾನು ಎದ್ದು ಅತ್ತೆಗೆ ನಮಸ್ಕಾರ ಮಾಡುತ್ತಿದ್ದೆ. ಪಾಪ ಬಂದಿದ್ದರೆ ಬಿಸಿಬಿಸಿಯಾಗಿಯೇ ಹೋಗಲಿ ಎಂದು.

ಹದಿನೈದು ದಿನ ಮುಗಿಯುತ್ತಾ ಬಂದಾಗ ಜಸುಬೆನ್ ಬಾಗಿಲಲ್ಲಿ ನಿಂತು, "ಕೋರ್ಸ್ ಅಧೂರಾ ನಹೀ ಛೋಡನೇ ಕಾ" ಎಂದರು. ಶುರುಮಾಡಿದ್ದನ್ನು ನಡುವೆ ಬಿಡಬಾರದಂತೆ ಎಂದು ವನಜ ಕನ್ನಡದಲ್ಲಿ ಹೇಳಿದಳು. ಅತ್ತೆ, "ಔಷಧಿ ಅಂದಮೇಲೆ ಪೂರ್ತಿ ಆಗ್ಬೇಕು" ಎಂದರು. ಟಿಕೆಟ್ಟು ರದ್ದಾಯಿತು. ಆ ದಿನ ವನಜ ಪಾತ್ರೆ ತೊಳೆಯುತ್ತಾ ಹಾಡು ಗುನುಗಿದಳು. ಅವಳು ಹಾಡಿ ಎಷ್ಟು ಕಾಲವಾಗಿತ್ತೋ.

ನಿಜ ಹೇಳಬೇಕೆಂದರೆ ನನಗೆ ಗುಣವಾಯಿತು. ಅಂಗಾಲಿನ ನರ ತಲೆಗೆ ಹೋಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ದಿನವಿಡೀ ಎಲ್ಲರೂ ತುಳಿದ ಕಾಲನ್ನು ಒಬ್ಬರು ಬೆಚ್ಚಗಿನ ಕೈಯಲ್ಲಿ ಹಿಡಿದುಕೊಂಡು, ನಿನ್ನಿಂದ ಏನೂ ಬೇಡ ಎನ್ನುವ ಹಾಗೆ ಕೂತಿದ್ದರೆ, ತಲೆ ತಾನಾಗಿಯೇ ಸಡಿಲವಾಗುತ್ತದೆ. ಚೆನ್ನಾಗಿ ನಿದ್ದೆ ಬಂತು. ಕತ್ತು ಎರಡೂ ಕಡೆ ತಿರುಗಿತು. ಇಬ್ಬರು ಸಾಹೇಬರೂ ಒಂದೇ ದಿನ ಕೂಗಾಡಿದಾಗಲೂ ಮನೆಗೆ ಬಂದು ಸಾರು ಚೆನ್ನಾಗಿದೆ ಎಂದೆ.

ಎಡವಟ್ಟಾದದ್ದು ಅಲ್ಲೇ. ಅತ್ತೆ ವನಜಳಿಗೆ ಹೇಳಿದರು: "ಈಗ ಇವರಿಗೆ ಪರವಾಗಿಲ್ಲ. ನನ್ನ ಕೆಲಸ ಮುಗೀತು. ಟಿಕೆಟ್ ನೋಡಬಹುದು." ವನಜ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅಳುವುದು ಅವಳ ಪದ್ಧತಿ. ಹೊರಗೆ ಬಂದವಳ ಹತ್ತಿರ, "ಇಲ್ಲೇ ಇರಲಿ ಅಂತ ಹೇಳು" ಎಂದೆ. ಹೇಳಿದಳು. "ಅವರ ಮನಸ್ಸು ದೊಡ್ಡದಮ್ಮ. ಆದರೆ ಏನಂತ ಇರಲಿ?" ಎಂದರು ಅತ್ತೆ. ಮೈದುನನ ಮನೆಗೆ ವಾಪಸು ಹೋಗಿ ಮೂಲೆಯಲ್ಲಿ ಬಾಯಿಮುಚ್ಚಿಕೊಂಡು ಕೂರಲು ಅವರಿಗೂ ಇಷ್ಟವಿಲ್ಲ ಎಂದು ಗೊತ್ತಿತ್ತು. ಇಲ್ಲಿರಲು ಅವರಿಗೆ ಒಂದು ನೆಪ ಬೇಕಾಗಿತ್ತು, ಆ ನೆಪ ನನ್ನ ಕಾಲಿನಲ್ಲಿತ್ತು.

ಮಾರನೆಯ ಸಂಜೆ ಅತ್ತೆಯ ಬೆರಳು ಒಳಬದಿಯ ಕಾಲಗಂಟಿನ ಕೆಳಗೆ, ಹಿಮ್ಮಡಿಯ ಪಕ್ಕಕ್ಕೆ ಬಂದಾಗ ನಾನು "ಅಮ್ಮಾ" ಎಂದು ಕೂಗಿದೆ. ಅತ್ತೆ ಬೆರಳು ತೆಗೆದರು. "ಇಲ್ಲೇನಾ ಅಂತ ಕೇಳೇ." ಅಲ್ಲೇ ಎಂದೆ. ಮತ್ತೆ ಒತ್ತಿದರು, ಇನ್ನೂ ಜೋರಾಗಿ ಕೂಗಿದೆ. ಅತ್ತೆ ಬಗ್ಗಿ ಆ ಜಾಗವನ್ನೇ ನೋಡಿದರು. ಟಿಕೆಟ್ಟಿನ ಮಾತು ಆವತ್ತು ಬರಲಿಲ್ಲ.

ಮರುದಿನ ವನಜ ಜಸುಬೆನ್ ಮನೆಯ ಪಟ ನೋಡಿಕೊಂಡು ಬಂದವಳು ಬಾಗಿಲು ಹಾಕಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದಳು. "ಅದು ಗರ್ಭಕೋಶದ ಜಾಗವಂತೆ ರೀ" ಎಂದಳು. ನಕ್ಕು ನಕ್ಕು ಸುಮ್ಮನಾಗಿ, "ಯಾಕ್ರೀ ಹೀಗೆ ಮಾಡ್ತಿದೀರ?" ಎಂದು ಕೇಳಿದಳು. "ಅತ್ತೆ ಇರಲಿ ಅಂತ" ಎಂದೆ. ಅವಳು ಮತ್ತೆ ನಲ್ಲಿ ತಿರುಗಿಸಲು ಹೋದಳು.

ಅಲ್ಲಿಂದ ನನ್ನ ವ್ಯಾಸಂಗ ಶುರುವಾಯಿತು. ಜಸುಬೆನ್ ಗಂಡನ ಹತ್ತಿರ ಕ್ರಿಕೆಟ್ ಮಾತಾಡುವ ನೆಪದಲ್ಲಿ ಹೋಗಿ ಪಟ ನೋಡಿಕೊಂಡು ಬರುತ್ತಿದ್ದೆ. ಗಂಡಸರಿಗೆ ಬರಬಹುದಾದ ನೋವುಗಳನ್ನೇ ಆರಿಸಿ, ಒಂದು ದಿನ ಭುಜ, ಒಂದು ದಿನ ಪಿತ್ತಕೋಶ ಎಂದು ಕೂಗುತ್ತಿದ್ದೆ. ಲೋಕಲ್‌ನಲ್ಲಿ ನಿಂತು ಇವತ್ತು ಯಾವ ಅಂಗ ಎಂದು ಯೋಚಿಸುತ್ತಾ ಎಷ್ಟೋ ಸಲ ದಾದರ್ ಬಂದದ್ದೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ವನಜ ತರಕಾರಿಗೆಂದು ಸ್ಟೇಷನ್ ಕಡೆ ಹೋಗಿದ್ದಳು. ಮನೆಯಲ್ಲಿ ಅತ್ತೆ, ನಾನು, ಬೀರು. ಎಡಗಾಲಿನ ಕಿರುಬೆರಳ ಕೆಳಗೆ ಒತ್ತಿದಾಗ ನಿಗದಿಯಂತೆ ಕೂಗಿದೆ. ಅತ್ತೆಯ ಕೈ ನಿಂತಿತು.

"ಅಲ್ಲಿ ನೋವಿಲ್ಲ."

ನಾನು ಬೀರುವಿನ ಕಡೆ ನೋಡಿದೆ.

"ಅಲ್ಲೇನು ನೋಡ್ತೀರಿ. ನಿಮಗೇ ಹೇಳ್ತಿರೋದು ನಾನು."

ತಿರುಗಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆ ನನ್ನ ಮುಖ ನೋಡುತ್ತಿದ್ದರು. ಕಣ್ಣು ವನಜಳದೇ.

"ಇಲ್ಲ ಅತ್ತೆ. ನೋವಿಲ್ಲ."

"ನಂಗೊತ್ತು. ಹಿಮ್ಮಡಿ ಪಕ್ಕ ಕೂಗಿದ ದಿನಾನೇ ಗೊತ್ತಾಯ್ತು." ನಗು ತಡೆಯಲು ತುಟಿ ಕಚ್ಚಿಕೊಂಡರು. ಮತ್ತೆ ಗಂಭೀರವಾಗಿ, "ಯಾಕೆ ಹಾಗೆ ಮಾಡಿದ್ರಿ?" ಎಂದರು.

ಇಲ್ಲದ ನೋವನ್ನು ಕೂಗಿ ಹೇಳುವುದು ಅಭ್ಯಾಸವಾಗಿತ್ತು. ಇರುವುದನ್ನು ಹೇಳಿದ್ದು ಇದೇ ಮೊದಲು. "ನೀವು ಇಲ್ಲೇ ಇರಬೇಕು ಅಂತ" ಎಂದೆ. "ನಮ್ಮಮ್ಮ ಹೋದಮೇಲೆ ಮನೆಗೆ ಸಂಜೆ ಬೇಗ ಬರಬೇಕು ಅಂತ ನನಗೆ ಅನ್ನಿಸಿದ್ದು ಈಗಲೇ."

ಅತ್ತೆ ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಣ್ಣೆ ಕೈಯಲ್ಲಿ ಸುಮ್ಮನೆ ಸವರುತ್ತಾ ಕೂತರು. "ಅಷ್ಟು ಹೇಳೋಕೆ ಕಾಲು ಯಾಕೆ ಬೇಕಿತ್ತು? ಬಾಯಿ ಇತ್ತಲ್ಲ" ಎಂದರು. "ನಂಗೂ ಇತ್ತು" ಎಂದು ಸೇರಿಸಿದರು. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. ಮೆಟ್ಟಿಲಲ್ಲಿ ವನಜಳ ಚಪ್ಪಲಿಯ ಸದ್ದು ಕೇಳಿತು. ಅತ್ತೆ ಥಟ್ಟನೆ ಬೀರುವಿನ ಕಡೆ ತಿರುಗಿ, "ಟಿಕೆಟ್ ಬೇಡ. ಈ ಕಾಲು ವಾಸಿಯಾಗೋಕೆ ಇನ್ನೂ ಬಹಳ ದಿನ ಹಿಡಿಯತ್ತೆ" ಎಂದರು.

ಅತ್ತೆ ನಮ್ಮಲ್ಲೇ ಉಳಿದರು. ಆದರೆ ಒಂದು ಸಲ ಬಾಯಿಬಿಟ್ಟವರು ಆಮೇಲೆ ಮುಚ್ಚಲಿಲ್ಲ. ಕೊಡೆ ಮರೆತಿರಿ, ಗಡ್ಡ ಹೆರೆದುಕೊಂಡಿಲ್ಲ, ಆಫೀಸಿನ ಸಿಟ್ಟನ್ನು ಚಪ್ಪಲಿ ಜೊತೆ ಬಾಗಿಲಾಚೆ ಬಿಡಿ, ಎಲ್ಲವೂ ಈಗ ನನಗೇ, ನೇರವಾಗಿ. ಇದರಿಂದ ಟೆನ್ಷನ್ ಆಗಿ ಸಂಜೆ ಕಾಲು ಚಾಚಿದರೆ, "ಇನ್ನು ಯಾಕೆ? ನಾನು ಹೇಗೂ ಇದೀನಲ್ಲ" ಎಂದು ಜಸುಬೆನ್ ಮನೆಗೆ ಹೊರಟುಬಿಡುತ್ತಾರೆ. ಮೊನ್ನೆ ಕತ್ತು ನಿಜವಾಗಿಯೂ ಹಿಡಿದುಕೊಂಡಿತು, ಯಾರೂ ನಂಬಲಿಲ್ಲ. ಬೀರುವಿಗೆ ಹೇಳಿ ನೋಡಿದೆ. ಈಗ ಅದೂ ಯಾರಿಗೂ ಹೇಳುತ್ತಿಲ್ಲ.